ಕ್ರ್ಯಾಶ್ ಆಯ್ತು ಅನ್ನಬೇಡಿ, ಹೇಗೆ ನಿಂತಿತು ಹೇಳಿ

ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ.

"ಸರ್, ವಿಆರ್ ಆಡ್ತಿದ್ರೆ ಸಿಸ್ಟಮ್ ಕ್ರ್ಯಾಶ್ ಆಗುತ್ತೆ. ಮೂರು ಸಲ ಫಾರ್ಮ್ಯಾಟ್ ಮಾಡಿದೆ. ಆದ್ರೂ ಹಂಗೇ ಇದೆ."

"ಹೇಗೆ ಕ್ರ್ಯಾಶ್ ಆಗುತ್ತಪ್ಪಾ?"

"ಕ್ರ್ಯಾಶ್ ಆಗುತ್ತೆ ಸರ್."

"ಅಂದ್ರೆ, ಏನಾಗುತ್ತೆ?"

"ಅದೇ ಸರ್. ಕ್ರ್ಯಾಶ್."

ಗೇಮಿಂಗ್ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಟದೊಳಗೇ ಇದ್ದ ಹಾಗೆ ಆಡುವುದು. ಈ ಮಾತುಕತೆ ನನಗೆ ವಾರಕ್ಕೆ ಎರಡು ಸಲವಾದರೂ ಆಗುತ್ತದೆ. ಬಸ್ಸು ನಿಂತಿತು ಅಂದರೆ ಸ್ಟಾಪ್ ಬಂತೋ, ಡೀಸೆಲ್ ಮುಗಿಯಿತೋ, ದನ ಅಡ್ಡ ಬಂತೋ? ಅದನ್ನು ಹೇಳದೆ ಇಂಜಿನ್ ಬಿಚ್ಚು ಅಂದರೆ ನಾನು ಎಲ್ಲಿಂದ ಶುರು ಮಾಡಲಿ?

ಇನ್ನು ಈ ಫಾರ್ಮ್ಯಾಟ್, ಅಂದರೆ ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. "ಮಾಡಿದೆ ಸರ್" ಅನ್ನುವಾಗ ದನಿಯಲ್ಲಿ ಒಂದು ಹೆಮ್ಮೆ ಬೇರೆ ಇರುತ್ತದೆ. ಕಂಪ್ಯೂಟರ್ ತಾನು ಹೇಗೆ ನಿಂತೆ ಅಂತ ಇವೆಂಟ್ ವ್ಯೂವರ್ ಅನ್ನುವ ವಿಂಡೋಸ್ ದಿನಚರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಅಂತ ಒಂದು ಫೋಲ್ಡರ್ ಇರುತ್ತದೆ, ವಿಂಡೋಸ್ ಕೈಚೆಲ್ಲಿ ನಿಂತಾಗಿನ ವಿವರ ಅಲ್ಲಿ ಬಂದು ಕೂರುತ್ತದೆ. ನನಗೆ ಅದು ಚಿನ್ನ. ಫಾರ್ಮ್ಯಾಟ್ ಮಾಡಿದರೆ ಅದೂ ಹೋಯಿತು, ಇದೂ ಹೋಯಿತು. ಕಳ್ಳತನ ಆದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ, ಸಾರಿಸಿ, ರಂಗೋಲಿ ಹಾಕಿಟ್ಟ ಹಾಗೆ.

ಮಾನಿಟರ್ ಮುಂದೆ ಕೂತು ಆಡುವವರಿಗೆ ಏನಾಯಿತು ಅಂತ ಕಣ್ಣೆದುರೇ ಕಾಣುತ್ತದೆ. ವಿಆರ್‌ನಲ್ಲಿ ಹಾಗಲ್ಲ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿರುತ್ತದೆ, ಕಿವಿಯಲ್ಲಿ ಗುಂಡಿನ ಸದ್ದು. ಇದ್ದಕ್ಕಿದ್ದ ಹಾಗೆ ಎಲ್ಲಾ ಕಪ್ಪು. ಕೈಯಿಂದ ಕಂಟ್ರೋಲರ್ ಪಟ್ಟಿ ಬಿಡಿಸಿ, ಹೆಡ್‌ಸೆಟ್ ಕಳಚಿ, ಬೆವರು ಒರೆಸಿಕೊಂಡು ನೋಡುವ ಹೊತ್ತಿಗೆ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಗಿ ಪಾಸ್‌ವರ್ಡ್ ಕೇಳುತ್ತಾ ನಿಂತಿರುತ್ತದೆ. ಈಗಿನ ಎಸ್‌ಎಸ್‌ಡಿ ಇರುವ ಕಂಪ್ಯೂಟರುಗಳಿಗೆ ಅಷ್ಟು ಹೊತ್ತು ಸಾಕು. ಮಧ್ಯದ ಆ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಏನಾಯಿತು ಅನ್ನುವುದೇ ನನಗೆ ಬೇಕಾಗಿರುವುದು. ಅದನ್ನೇ ಯಾರೂ ನೋಡಿರುವುದಿಲ್ಲ.

ಅದಕ್ಕೇ ನಾನು ಮೊದಲು ಹೇಳುವುದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಕಂಪ್ಯೂಟರ್ ಗೊತ್ತಿರುವವರೇ ಆಗಬೇಕಿಲ್ಲ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಕಂಡದ್ದನ್ನಷ್ಟೇ ಹೇಳುತ್ತಾರೆ.

ಮೈಸೂರಿನಲ್ಲಿ ಒಂದು ಮನೆ. ಕಾಲೇಜು ಓದುವ ಹುಡುಗ, ದುಡ್ಡು ಕೂಡಿಸಿ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ (ಚಿತ್ರ ಬಿಡಿಸುವ ಭಾಗ), 850 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಎಲ್ಲಾ ಹಾಕಿಸಿಕೊಂಡಿದ್ದ. ಬೇರೆ ಗೇಮ್ ಎಷ್ಟು ಆಡಿದರೂ ಏನೂ ಇಲ್ಲ, ಸಂಜೆ ವಿಆರ್ ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಎಲ್ಲಾ ಆಫ್. ಕಾರ್ಡೇ ಹೋಗಿದೆ ಅಂತ ಅವನು ತೀರ್ಮಾನ ಮಾಡಿ ಆಗಿತ್ತು. ಮನೆಯಲ್ಲಿ ಯಾರಾದರೂ ಇದ್ದಾರಾ ಅಂದೆ. ಅಜ್ಜಿ ಇದ್ದಾರೆ ಅಂದ. ಅಜ್ಜಿಯನ್ನೇ ಕೂರಿಸು ಅಂದೆ.

ಮಾರನೆಯ ದಿನ ಅಜ್ಜಿಯೇ ಫೋನಿನಲ್ಲಿ ಬಂದರು. "ನಾನು ಹೂ ಕಟ್ಟಿಕೊಂಡು ಅಲ್ಲೇ ಕೂತಿದ್ದೆ ಕಣಪ್ಪಾ. ಮೊದಲು ಟಕ್ ಅಂತು. ಆಮೇಲೆ ಬಣ್ಣಬಣ್ಣದ ಲೈಟೆಲ್ಲಾ ಹೋಯ್ತು. ಮನೆ ಲೈಟ್ ಇತ್ತು. ಆದ್ರೆ ಟಕ್ ಅಂದಿದ್ದು ಇವನ ದೊಡ್ಡ ಡಬ್ಬ ಅಲ್ಲ. ಕೆಳಗೆ ಒಂದು ಸಣ್ಣ ಡಬ್ಬ ಇದೆಯಲ್ಲ, ಅದು."

ಇದಕ್ಕಿಂತ ಚೆನ್ನಾದ ವರದಿಯನ್ನು ಇಂಜಿನಿಯರುಗಳಿಂದಲೂ ನಾನು ಪಡೆದಿಲ್ಲ. ಸಣ್ಣ ಡಬ್ಬ ಅಂದರೆ ಯುಪಿಎಸ್. ಅಪ್ಪನ ಹಳೆಯ ಕಂಪ್ಯೂಟರಿಗೆ ಅಂತ ಯಾವಾಗಲೋ ತಂದದ್ದು. ಮುಂದೆ ದೊಡ್ಡ ಅಕ್ಷರದಲ್ಲಿ 600 ವಿಎ ಅಂತಿತ್ತು. ಹಿಂದೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್ ಅಂತಿತ್ತು. ಲೆಕ್ಕಕ್ಕೆ ಬರುವುದು ಈ ವ್ಯಾಟ್, ಆದರೆ ಹಿಂದಿನದನ್ನು ಯಾರು ಓದುತ್ತಾರೆ? 3080 ಕಾರ್ಡ್ ಪೂರ್ತಿ ದುಡಿದರೆ ಅದೊಂದೇ 320 ವ್ಯಾಟ್ ತಿನ್ನುತ್ತದೆ. ಪ್ರೊಸೆಸರ್, ಮಾನಿಟರ್ ಬೇರೆ. ಸಂಜೆ ವೋಲ್ಟೇಜ್ ಸ್ವಲ್ಪ ಏರುಪೇರಾದರೆ ಯುಪಿಎಸ್ ಬ್ಯಾಟರಿಗೆ ಜಾರುತ್ತದೆ. ಅಜ್ಜಿ ಕೇಳಿಸಿಕೊಂಡ ಟಕ್ ಅದೇ. ಭಾರ 360ರ ಒಳಗಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಆಟ ನಡೆಯುತ್ತಿರುತ್ತದೆ. ಜಾಸ್ತಿ ಇದ್ದರೆ ಯುಪಿಎಸ್ ಕೈಚೆಲ್ಲುತ್ತದೆ. ಬೇರೆ ಗೇಮ್ ಆಡುವಾಗಲೂ ಅದು ಟಕ್ ಅನ್ನುತ್ತಲೇ ಇದ್ದಿರಬೇಕು. ಹೆಡ್‌ಫೋನ್ ಹಾಕಿಕೊಂಡವನಿಗೆ ಕೇಳಿಸಬೇಕಲ್ಲ.

ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ಆಡಿಸಿದೆವು. ನಿಲ್ಲಲಿಲ್ಲ. ಖರ್ಚು ಸೊನ್ನೆ. ಪರೀಕ್ಷೆಗೆ ಮಾತ್ರ ಇದು, ಅದೂ ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಸಾಕೆಟ್ಟಿನಲ್ಲಿ. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಮಾಡಬೇಡಿ.

ಈಗ ಎಲ್ಲರೂ ನನ್ನ ಮೇಲೆ ಜಗಳಕ್ಕೆ ಬರುವ ಮಾತಿಗೆ ಬರೋಣ. "ಬೇರೆ ಗೇಮ್ ಎಲ್ಲಾ ಚೆನ್ನಾಗಿ ಓಡುತ್ತೆ ಸರ್. ಹಾರ್ಡ್‌ವೇರ್ ಸರಿಯಾಗಿದೆ ಅಂತ ಅಲ್ವಾ?" ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಂದು ಸಲ ಹೇಳುತ್ತೇನೆ.

ಸಾಮಾನ್ಯ ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು. ಸೆಕೆಂಡಿಗೆ 60 ಸಲ ಬಿಡಿಸಿದರೆ ಆಯಿತು. ಕ್ವೆಸ್ಟ್ 2 ಹೆಡ್‌ಸೆಟ್ ತೆಗೆದುಕೊಳ್ಳಿ. ಒಂದೊಂದು ಕಣ್ಣಿಗೆ 1832 ಅಡ್ಡ, 1920 ಉದ್ದ. ಎರಡೂ ಕಣ್ಣು ಸೇರಿ 70 ಲಕ್ಷ ಚುಕ್ಕಿ. ಅದನ್ನು ಸೆಕೆಂಡಿಗೆ 90 ಸಲ ಬಿಡಿಸಬೇಕು. ಗುಣಿಸಿ ನೋಡಿ, ಮಾನಿಟರಿನ 5 ಪಟ್ಟು ಕೆಲಸ. ಕೇಬಲ್ ಹಾಕಿ ಕಂಪ್ಯೂಟರಿನಿಂದ ಆಡುವಾಗ ಆ ಚಿತ್ರವನ್ನು ವಿಡಿಯೊ ಮಾಡಿ ಕಳಿಸುವ ಕೆಲಸವೂ ಅದೇ ಕಾರ್ಡಿನದು. ಮಾನಿಟರಿನಲ್ಲಿ ಒಂದು ಚಿತ್ರಕ್ಕೆ 16 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ. ಇಲ್ಲಿ 11 ಮಾತ್ರ. ಮಾನಿಟರಿನಲ್ಲಿ ಒಂದು ಚಿತ್ರ ತಡವಾದರೆ ಕಣ್ಣು ಕ್ಷಮಿಸುತ್ತದೆ, ವಿಆರ್‌ನಲ್ಲಿ ತಲೆ ಸುತ್ತುತ್ತದೆ. ಹಾಗಾಗಿ ಕಾರ್ಡು, ಪ್ರೊಸೆಸರ್, ರ‍್ಯಾಮ್, ಯುಎಸ್‌ಬಿ ಎಲ್ಲವೂ ಒಟ್ಟಿಗೆ ಓಡುತ್ತವೆ. ಬೇರೆ ಗೇಮಿನಲ್ಲಿ ಒಂದು ಓಡುವಾಗ ಇನ್ನೊಂದು ಉಸಿರು ತೆಗೆದುಕೊಳ್ಳುತ್ತಿರುತ್ತದೆ. ಹಗ್ಗದಲ್ಲಿ ಒಂದು ಎಳೆ ಮೊದಲೇ ಸವೆದಿದ್ದರೆ ಅರ್ಧ ಕೊಡ ನೀರಿಗೆ ಗೊತ್ತಾಗುವುದಿಲ್ಲ, ತುಂಬಿದ ಕೊಡಕ್ಕೆ ಗೊತ್ತಾಗುತ್ತದೆ.

ಹಾಗಾದರೆ ಪಕ್ಕದಲ್ಲಿ ಕೂತವರು ಏನು ನೋಡಬೇಕು? ದೊಡ್ಡ ಡಬ್ಬದ ಫ್ಯಾನ್ ನಿಂತಿತಾ? ಅದೊಂದೇ ಪ್ರಶ್ನೆಗೆ ಉತ್ತರ ಸಿಕ್ಕರೂ ನನ್ನ ಅರ್ಧ ಕೆಲಸ ಮುಗಿಯಿತು. ಒಂದೇ ಏಟಿಗೆ ದೀಪ, ಫ್ಯಾನ್ ಎಲ್ಲಾ ಹೋದರೆ ನನ್ನ ಅನುಮಾನ ಕರೆಂಟಿನ ದಾರಿಯ ಮೇಲೆ. ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್, ಯುಪಿಎಸ್, ಎಸ್‌ಎಂಪಿಎಸ್, ಕಾರ್ಡಿಗೆ ಹೋಗುವ ಕೇಬಲ್. ಕಾರ್ಡಿನ ಮೇಲೆ ಬರೆದಿರುವ ವ್ಯಾಟ್ ಸರಾಸರಿ ಲೆಕ್ಕ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಅದು ಅದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತದೆ. ಹಳೆಯ ಎಸ್‌ಎಂಪಿಎಸ್ ಆ ಎಳೆತಕ್ಕೆ ಹೆದರಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. 2022ರ ಎಟಿಎಕ್ಸ್ 3.0 ನಿಯಮದಲ್ಲಿ, ದೊಡ್ಡ ಕಾರ್ಡುಗಳಿಗೆ ಮಾಡಿದ ಎಸ್‌ಎಂಪಿಎಸ್ ತನ್ನ ಅಳತೆಯ ಎರಡರಷ್ಟು ಭಾರವನ್ನು 100 ಮೈಕ್ರೊಸೆಕೆಂಡ್ ತಡೆಯಬೇಕು ಅಂತ ಬರೆದಿರುವುದು ಸುಮ್ನೆ ಅಲ್ಲ. ಕಾರ್ಡಿಗೆ ಎರಡು ಎಂಟು ಪಿನ್ನಿನ ಜಾಗ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ತನ್ನಿ. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ತಲೆ ಇರುತ್ತದಲ್ಲ, ಅದನ್ನು ಬಳಸಬೇಡಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಇಲ್ಲಿ ಇನ್ನೊಂದು ಎಡವಟ್ಟು. ಇವೆಂಟ್ ವ್ಯೂವರ್ ತೆರೆಯುವ ಹುಡುಗರು ಕೆಂಪು ಗುರುತಿನ ಕರ್ನಲ್ ಪವರ್ 41 ನೋಡಿ "ಪವರ್ ಅಂತ ಇದೆ ಸರ್, ಎಸ್‌ಎಂಪಿಎಸ್ ಹೋಗಿದೆ" ಅಂತ ಹೊಸದು ತಂದುಬಿಡುತ್ತಾರೆ. 41 ಹೇಳುವುದು ಇಷ್ಟೇ: ಹಿಂದಿನ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಲಿಲ್ಲ. ನೀವು ಪ್ಲಗ್ ಕಿತ್ತರೂ ಅದೇ ಬರುತ್ತದೆ, ಬ್ಲೂ ಸ್ಕ್ರೀನ್ (ವಿಂಡೋಸ್ ತಪ್ಪು ಕಂಡು ತಾನೇ ನಿಂತಾಗ ಬರುವ ನೀಲಿ ಪರದೆ) ಆದರೂ ಅದೇ ಬರುತ್ತದೆ. ಅದರ ವಿವರದೊಳಗೆ ಬಗ್‌ಚೆಕ್ ಕೋಡ್ ಅಂತ ಒಂದು ಸಂಖ್ಯೆ ಇದೆ, ಅದನ್ನು ನೋಡಿ. ಸೊನ್ನೆ ಇದ್ದರೆ ಸಾಮಾನ್ಯವಾಗಿ ಕರೆಂಟ್ ಕಡಿತವೋ, ಪೂರ್ತಿ ಹ್ಯಾಂಗೋ ಆಗಿರುತ್ತದೆ. ಬೇರೆ ಸಂಖ್ಯೆ ಇದ್ದರೆ ಬ್ಲೂ ಸ್ಕ್ರೀನ್ ಬಂದು ಹೋಗಿದೆ. ಉದಾಹರಣೆಗೆ 278 ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಉತ್ತರ ಕೊಡಲಿಲ್ಲ ಅಂತ. ಬ್ಲೂ ಸ್ಕ್ರೀನ್ ಅಂತ ರೂಢಿಯಲ್ಲಿ ಹೇಳುತ್ತೇನೆ, ಈಚಿನ ವಿಂಡೋಸ್ 11ರಲ್ಲಿ ಅದನ್ನೂ ಕಪ್ಪು ಮಾಡಿಟ್ಟಿದ್ದಾರೆ. ತಾನಾಗಿ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ತೆಗೆದರೆ ಪರದೆ ಅಲ್ಲೇ ನಿಲ್ಲುತ್ತದೆ, ಓದಿಕೊಳ್ಳಬಹುದು.

ಫ್ಯಾನ್ ತಿರುಗುತ್ತಲೇ ಇದ್ದು, ಮಾನಿಟರ್ ಒಂದು ಸಲ ಮಿಟುಕಿಸಿ, ಗೇಮ್ ಮಾತ್ರ ಮಾಯವಾದರೆ? ವಿಂಡೋಸ್ ಮಾಮೂಲಾಗಿ ಗ್ರಾಫಿಕ್ಸ್ ಕಾರ್ಡಿಗೆ 2 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಡ್ರೈವರನ್ನು ಎಬ್ಬಿಸಿ ಕೂರಿಸುತ್ತದೆ. ಆಗ ನಾನು ಕೇಳುವ ಪ್ರಶ್ನೆ, "ಓವರ್‌ಕ್ಲಾಕ್ ಮಾಡಿದ್ದೀಯಾ?" "ಇಲ್ಲ ಸರ್." ಸ್ವಲ್ಪ ಹೊತ್ತು ಸುಮ್ಮನಿದ್ದರೆ, "ಸ್ವಲ್ಪ ಮಾತ್ರ ಸರ್." ಓವರ್‌ಕ್ಲಾಕ್ ಅಂದರೆ ಕಂಪನಿ ಹೇಳಿದ್ದಕ್ಕಿಂತ ವೇಗವಾಗಿ ಓಡಿಸುವುದು. ಸ್ವಲ್ಪವನ್ನೂ ತೆಗೆಯಿರಿ. ರ‍್ಯಾಮಿನ ಎಕ್ಸ್‌ಎಂಪಿ (ವೇಗ ಹೆಚ್ಚಿಸುವ ಸೆಟ್ಟಿಂಗ್) ಕೂಡ ಓವರ್‌ಕ್ಲಾಕೇ ಅನ್ನುವುದನ್ನು ಮರೆಯಬೇಡಿ.

ಹೆಡ್‌ಸೆಟ್ ಮಾತ್ರ ಕಪ್ಪಾಗಿ ಮಾನಿಟರಿನಲ್ಲಿ ಗೇಮ್ ಇನ್ನೂ ಕಾಣುತ್ತಿದ್ದರೆ ಕಂಪ್ಯೂಟರ್ ಕ್ರ್ಯಾಶೇ ಆಗಿಲ್ಲ. ಕೇಬಲ್ ನೋಡಿ, ಮುಂದಿನ ಯುಎಸ್‌ಬಿ ಬಿಟ್ಟು ಹಿಂದಿನದಕ್ಕೆ ಹಾಕಿ, ವಿಂಡೋಸ್ ಯುಎಸ್‌ಬಿಯನ್ನು ಮಲಗಿಸುವ ಸೆಟ್ಟಿಂಗ್ ಆಫ್ ಮಾಡಿ. ಇದಕ್ಕೆ ಫಾರ್ಮ್ಯಾಟ್ ಮಾಡಿದವರೂ ಇದ್ದಾರೆ!

ಪರದೆಯ ಮೇಲೆ ಬಂದ ಮಾತನ್ನೂ ಪೂರ್ತಿ ನಂಬಬೇಡಿ. ಇಂಟೆಲ್ ತನ್ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ತೊಂದರೆ ಇದೆ ಅಂತ 2024ರಲ್ಲಿ ತಾನೇ ಒಪ್ಪಿಕೊಂಡು, ಮೈಕ್ರೊಕೋಡ್ ಅನ್ನುವ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಆ ತೊಂದರೆಯಲ್ಲಿ ಎಷ್ಟೋ ಗೇಮುಗಳು ತೋರಿಸುತ್ತಿದ್ದದ್ದು ವಿಡಿಯೊ ಮೆಮರಿ ಸಾಲದು ಅಂತ. ಅದನ್ನು ಓದಿದವರು ಹೋಗಿ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸದೆ ಇನ್ನೇನು ಮಾಡುತ್ತಾರೆ? ಆ ಪ್ರೊಸೆಸರ್ ಇರುವವರು ಬಯಾಸ್ (ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿ, ಆ ತಿದ್ದುಪಡಿ ಅದರಲ್ಲೇ ಬರುತ್ತದೆ. ಆಗಲೇ ಕೆಟ್ಟಿದ್ದರೆ ಅಪ್‌ಡೇಟ್ ಅದನ್ನು ರಿಪೇರಿ ಮಾಡುವುದಿಲ್ಲ, ವಾರಂಟಿ ಕೇಳಬೇಕು.

ಹೇಗೆ ಅನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ ಅನ್ನುವುದನ್ನೂ ಬರೆದಿಡಿ. ಬೆಂಗಳೂರಿನ ಒಬ್ಬ ಗಿರಾಕಿಯ ಕಂಪ್ಯೂಟರ್ ಸರಿಯಾಗಿ 25 ನಿಮಿಷಕ್ಕೆ ತಡವರಿಸಲು ಶುರು ಮಾಡಿ, ಆಮೇಲೆ ಗೇಮ್ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಗೆ ತಂದ. ನಾಲ್ಕು ಗಂಟೆ ವಿಆರ್ ಓಡಿಸಿದೆ, ಏನೂ ಆಗಲಿಲ್ಲ. ಮನೆಗೆ ಕಳಿಸಿದೆ, ಮತ್ತೆ 25 ನಿಮಿಷ. ಕೊನೆಗೆ ನಾನೇ ಅವರ ಮನೆಗೆ ಹೋದೆ. ಕಾಫಿ ಕುಡಿಯುತ್ತಾ ಕೂತಿದ್ದೆ. ಅವನು ಆಟಕ್ಕೆ ತಯಾರಾದ. ಮೊದಲು ಕುರ್ಚಿ ಹೊರಗಿಟ್ಟ. ಆಮೇಲೆ ಕಂಪ್ಯೂಟರ್ ಟೇಬಲ್ಲನ್ನು ದರದರ ಎಳೆದು ಮೂಲೆಗೆ ತಳ್ಳಿದ. ನಿಂತು ಓಡಾಡಿ ಆಡುವುದಕ್ಕೆ ಸ್ಟೀಮ್ ವಿಆರ್ (ವಿಆರ್ ನಡೆಸುವ ಸಾಫ್ಟ್‌ವೇರ್) ಕೇಳುವುದೇ ಕಡಿಮೆ ಅಂದರೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಆ ಪುಟ್ಟ ರೂಮಿನಲ್ಲಿ ಬೇರೆ ದಾರಿ ಇರಲಿಲ್ಲ. ಡಬ್ಬದ ಬೆನ್ನು ಗೋಡೆಗೆ ಅಂಟಿತು. ಕಿಟಕಿಯ ಕರ್ಟನ್ ಮುಂದಿನ ಫ್ಯಾನಿಗೆ ಹೀರಿಕೊಂಡು ಮೆತ್ತಿಕೊಂಡಿತು. ಬಿಸಿಗಾಳಿ ಹೊರಗೆ ಹೋಗಲು ಜಾಗವಿಲ್ಲ, ತಂಪು ಗಾಳಿ ಒಳಗೆ ಬರಲು ಜಾಗವಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಗಾಜಿನ ಬಾಗಿಲ ಮೇಲೆ ಕೈಯಿಟ್ಟೆ, ದೋಸೆ ಹೆಂಚು. ಪಾಪ, ಅವನು ಸುಳ್ಳು ಹೇಳಿರಲಿಲ್ಲ. ವಿಆರ್ ಆಡುವಾಗ ಮಾತ್ರ ಕ್ರ್ಯಾಶ್, ಏಕೆಂದರೆ ವಿಆರ್ ಆಡುವಾಗ ಮಾತ್ರ ಟೇಬಲ್ ಮೂಲೆಗೆ ಹೋಗುತ್ತಿತ್ತು.

ಇದನ್ನೆಲ್ಲಾ ಓದಿ ನನಗೂ ಇದೇ ಆಗಿರುವುದು ಅಂತ ತೀರ್ಮಾನ ಮಾಡಬೇಡಿ. ಒಂದೇ ಲಕ್ಷಣಕ್ಕೆ ಎರಡು ಮೂರು ಕಾರಣ ಇರಬಹುದು, ಎರಡು ಕಾರಣ ಒಟ್ಟಿಗೆ ಇರುವುದನ್ನೂ ನೋಡಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಆಡಿ ನೋಡಿ, ಆಮೇಲೆ ಮುಂದಿನದು.

ಮೂರು ಸಲ ಫಾರ್ಮ್ಯಾಟ್ ಮಾಡಿದ ಹುಡುಗನಿಗೂ ಯಾರನ್ನಾದರೂ ಕೂರಿಸು ಅಂದಿದ್ದೆ. ಅವನ ತಂಗಿ ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಿದಳು. ಒಟ್ಟು 38 ನಿಮಿಷ. ಅದರಲ್ಲಿ 37 ನಿಮಿಷ ಅಣ್ಣ ಗಾಳಿಯಲ್ಲಿ ಕತ್ತಿ ಬೀಸುತ್ತಾ ಕುಣಿಯುವುದು, ಇವಳು ನಗುವುದು. ಕೊನೆಯಲ್ಲಿ ಅವಳು ಸರಿಯಾಗಿ ಮಾನಿಟರಿನ ಕಡೆ ತಿರುಗಿಸಿದ್ದಳು. ನೀಲಿ ಪರದೆ, ಮೆಮರಿ ಮ್ಯಾನೇಜ್‌ಮೆಂಟ್ ಅನ್ನುವ ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿಸಿದೆ, ಬೆಳಿಗ್ಗೆ ಪರದೆ ತುಂಬಾ ತಪ್ಪುಗಳ ಕೆಂಪು. ಎಕ್ಸ್‌ಎಂಪಿ ತೆಗೆಸಿ, 3600ರಲ್ಲಿ ಓಡುತ್ತಿದ್ದ ರ‍್ಯಾಮನ್ನು 2666ಕ್ಕೆ ಇಳಿಸಿ ಮತ್ತೆ ಹಾಕಿದಾಗ ಒಂದು ತಪ್ಪೂ ಬರಲಿಲ್ಲ. ಸದ್ಯಕ್ಕೆ ಹಾಗೇ ಆಡು, ರ‍್ಯಾಮ್ ಬದಲಾಯಿಸಬೇಕೋ ಬೇಡವೋ ಆಮೇಲೆ ನೋಡೋಣ ಅಂದಿದ್ದೇನೆ. ಮೂರು ದಿನ ಆಯಿತು. ಕ್ರ್ಯಾಶ್ ಅಂತ ಫೋನ್ ಬಂದಿಲ್ಲ. ನಿನ್ನೆ ಒಂದು ಮೆಸೇಜ್ ಮಾತ್ರ ಬಂತು: "ಸರ್, ಆ ವಿಡಿಯೊ ಡಿಲೀಟ್ ಮಾಡಿದ್ರಾ?"