ಫ್ಲೂ ಅಂದರೆ ಜೋರು ನೆಗಡಿ ಅಲ್ಲ

ಮೂಗು ಸೋರಿದರೂ ‘ಫ್ಲೂ ಬಂದಿದೆ’ ಅನ್ನುತ್ತೇವೆ. ಮೂರು ದಿನ ಹಾಸಿಗೆ ಹಿಡಿದು ಮಲಗಿದರೂ ‘ನೆಗಡಿ ಜ್ವರ ಅಷ್ಟೇ’ ಅನ್ನುತ್ತೇವೆ. ಎರಡೂ ವೈರಸ್‌ನಿಂದ ಬರುತ್ತವೆ, ಎರಡರಲ್ಲೂ ಮೂಗು ಗಂಟಲು ಕೆಡುತ್ತದೆ. ಗೊಂದಲ ಆಗುವುದು ಸಹಜವೇ. ಆದರೆ ಫ್ಲೂ ತರುವುದು ಇನ್‌ಫ್ಲುಯೆಂಜಾ ಎಂಬ ವೈರಸ್ ಮಾತ್ರ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ರೈನೋವೈರಸ್‌ಗಳ ಹಾವಳಿಯೇ ಜಾಸ್ತಿ.

ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಕಾಯಿಲೆ ಹೇಗೆ ಶುರುವಾಯಿತು ಅಂತ ನೆನಪು ಮಾಡಿಕೊಳ್ಳಿ. ನೆಗಡಿ ನಿಧಾನವಾಗಿ ಬರುತ್ತದೆ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಆಮೇಲೆ ಮೂಗು ಸೋರುವುದು, ಕಟ್ಟುವುದು. ದೊಡ್ಡವರಿಗೆ ಜ್ವರ ಬರುವುದು ಅಪರೂಪ. ಕಷ್ಟಪಟ್ಟಾದರೂ ಕೆಲಸಕ್ಕೆ ಹೋಗಬಹುದು. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿಯೇ ಇದ್ದವರು ಸಂಜೆಗೆ ಚಳಿ ಹಿಡಿದು ಕಂಬಳಿ ಹೊದ್ದಿರುತ್ತಾರೆ. ಜ್ವರ 101, 102 ದಾಟುತ್ತದೆ. ತಲೆ ಸಿಡಿಯುತ್ತದೆ, ಸೊಂಟ ತೊಡೆ ಎಲ್ಲ ನೋಯುತ್ತವೆ, ಒಣ ಕೆಮ್ಮು ಬಿಡುವುದಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು. ವಯಸ್ಸಾದವರಲ್ಲಿ ಮಾತ್ರ ಕೆಲವೊಮ್ಮೆ ಜ್ವರವೇ ಇಲ್ಲದೆ ಬರೀ ನಿತ್ರಾಣವಾಗಿ ಕಾಣಿಸಿಕೊಳ್ಳುತ್ತದೆ. ಕೋವಿಡ್ ಕೂಡ ನೋಡಲು ಹೀಗೆಯೇ ಇರುತ್ತದೆ, ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ನೆಗಡಿ ಕೆಮ್ಮು ಇಲ್ಲದೆ ಜ್ವರ ಮತ್ತು ಮೈಕೈ ನೋವು ಬಂದರೆ ಡೆಂಗಿ ಇರಬಹುದು ಅನ್ನುವುದೂ ತಲೆಯಲ್ಲಿರಲಿ.

ಪೇಪರಿನಲ್ಲಿ ಬರುವ ಎಚ್1ಎನ್1, ಎಚ್3ಎನ್2 ಎಲ್ಲ ಫ್ಲೂ ವೈರಸ್‌ನ ಬಗೆಗಳೇ. 2009ರಲ್ಲಿ ‘ಹಂದಿ ಜ್ವರ’ ಅಂತ ಎಲ್ಲರನ್ನೂ ಹೆದರಿಸಿದ ಎಚ್1ಎನ್1 ಈಗ ಆಯಾ ಕಾಲಕ್ಕೆ ಬಂದು ಹೋಗುವ ಮಾಮೂಲಿ ಫ್ಲೂಗಳಲ್ಲಿ ಒಂದು. ಎಚ್ ಮತ್ತು ಎನ್ ಅಂದರೆ ವೈರಸ್‌ನ ಮೈಮೇಲಿರುವ ಎರಡು ಪ್ರೋಟೀನ್. ಎಚ್ ನಮ್ಮ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ನುಗ್ಗಲು. ಎನ್ ಒಳಗೆ ಹುಟ್ಟಿದ ಹೊಸ ವೈರಸ್‌ಗಳನ್ನು ಬಿಡಿಸಿ ಹೊರಗೆ ಕಳಿಸಲು. ಡಾಕ್ಟರು ಕೊಡುವ ಆಸೆಲ್ಟಮಿವಿರ್ ಎಂಬ ಔಷಧಿ ಈ ಎನ್ ಕೆಲಸವನ್ನೇ ತಡೆಯುತ್ತದೆ. ವೈರಸ್ ಆಗಲೇ ಗಂಟಲು, ಶ್ವಾಸನಾಳದಲ್ಲೆಲ್ಲ ಹರಡಿದ ಮೇಲೆ ತಡೆದು ಹೆಚ್ಚು ಪ್ರಯೋಜನವಿಲ್ಲ. ಅದಕ್ಕೇ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಗರ್ಭಿಣಿಯರು, ಪುಟ್ಟ ಮಕ್ಕಳು, 65 ದಾಟಿದವರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ‘ನಾಳೆ ನೋಡೋಣ’ ಅಂತ ಕಾಯಬಾರದು.

ಉಳಿದವರಿಗೆ ಬೇಕಾಗುವುದು ವಿಶ್ರಾಂತಿ, ನೀರು, ಗಂಜಿ ಮತ್ತು ಜ್ವರಕ್ಕೆ ಪ್ಯಾರಾಸಿಟಮಾಲ್. ಇಲ್ಲೊಂದು ಅಪಾಯವಿದೆ. ಡೋಲೊ ಅಂದರೂ ಪ್ಯಾರಾಸಿಟಮಾಲ್, ಕ್ರೋಸಿನ್ ಅಂದರೂ ಅದೇ. ಅಂಗಡಿಯ ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ ಸೇರಿರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಡೋಸ್ ಹೆಚ್ಚಾಗಿ ಲಿವರ್‌ಗೆ ಪೆಟ್ಟು. ಮಾತ್ರೆ ಸ್ಟ್ರಿಪ್‌ನ ಹಿಂದೆ ಬರೆದಿರುವುದನ್ನು ದಯವಿಟ್ಟು ಓದಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

ಆಂಟಿಬಯೋಟಿಕ್ ವಿಷಯದಲ್ಲಿ ನಾವು ಮಾಡುತ್ತಿರುವುದು ನಿಜಕ್ಕೂ ಬೇಸರ ತರುತ್ತದೆ. ಅದು ಬ್ಯಾಕ್ಟೀರಿಯಾಗೆ ಮದ್ದು. ನೆಗಡಿಗೂ ಫ್ಲೂಗೂ ಅದರಿಂದ ಏನೂ ಆಗುವುದಿಲ್ಲ. ಆದರೂ ಮೆಡಿಕಲ್ ಶಾಪ್‌ನಲ್ಲಿ ‘ಕಫ ಹಳದಿಯಾಗಿದೆ, ಅಜಿತ್ರೋಮೈಸಿನ್ ಕೊಡಿ’ ಅಂತ ಕೇಳುವವರು ಎಷ್ಟು ಮಂದಿ! ಕಫ ಹಳದಿ ಅಥವಾ ಹಸಿರಾಗುವುದು ವೈರಸ್ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಂದ. ಬರೀ ಬಣ್ಣ ನೋಡಿ ಬ್ಯಾಕ್ಟೀರಿಯಾ ಅಂತ ತೀರ್ಮಾನಿಸಲಾಗದು. ಸುಮ್ಸುಮ್ನೆ ನುಂಗುತ್ತಾ ಹೋದರೆ ನಿಜವಾಗಿ ಬೇಕಾದ ದಿನ ಔಷಧಿ ನಾಟುವುದಿಲ್ಲ.

ಕಾಳುಮೆಣಸಿನ ಸಾರು, ಶುಂಠಿ ಕಷಾಯ ಕುಡಿಯಿರಿ. ಗಂಟಲಿಗೆ ಹಿತ, ದೇಹಕ್ಕೆ ನೀರೂ ಸಿಗುತ್ತದೆ. ವೈರಸ್ ಮಾತ್ರ ಅದರಿಂದ ಸಾಯುವುದಿಲ್ಲ. ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನು ನಿಜಕ್ಕೂ ಒಳ್ಳೆಯದು, ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬೇಡಿ. ಕುದಿಯುವ ನೀರಿನ ಪಾತ್ರೆ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವುದೂ ಬೇಡ. ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವ ಅಪಾಯವಿದೆ.

ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ಮಾತು ತೊದಲಿ ಗೊಂದಲವಾದರೆ, ಮಗು ಹಾಲು ನೀರು ಕುಡಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇಳಿದ ಜ್ವರ ಮತ್ತೆ ಏರಿ ಕೆಮ್ಮು ಜಾಸ್ತಿಯಾದರೂ ಅಷ್ಟೇ, ಅದು ನ್ಯುಮೋನಿಯಾ ಇರಬಹುದು.

ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಬೇರೆಯವರಿಗೆ ಹರಡಬಲ್ಲರು. ಹಾಗಾಗಿ ಸೋಪು ಹಾಕಿ ಕೈ ತೊಳೆಯುವುದು ದಿನದ ಅಭ್ಯಾಸವೇ ಆಗಬೇಕು. ಮಾತ್ರೆ ಇಲ್ಲದೆ ಜ್ವರ ಇಳಿದು 24 ಗಂಟೆ ಆಗುವವರೆಗೆ ಮಗುವನ್ನು ಶಾಲೆಗೆ ಕಳಿಸಬೇಡಿ, ಪರೀಕ್ಷೆ ಇದ್ದರೂ. ಫ್ಲೂಗೆ ಲಸಿಕೆ ಇದೆ, ಆರು ತಿಂಗಳು ತುಂಬಿದವರಿಂದ ಹಿಡಿದು ಹಾಕಿಸಬಹುದು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿವರ್ಷ ಬೇಕು. ಭಾರತದಲ್ಲಿ ಫ್ಲೂ ಮುಖ್ಯವಾಗಿ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ, ಮತ್ತೆ ಮಳೆಗಾಲದಲ್ಲಿ. ಲಸಿಕೆಯ ಬಲ ಬರಲು ಎರಡು ವಾರ ಬೇಕು. ಆದ್ದರಿಂದ ನಮ್ಮ ಕಡೆಯವರು ಮುಂಗಾರು ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.