ಹಾಟ್‌ಸ್ಪಾಟ್‌ಗೂ ಕಂದಾಯವೇ? ಒಂದು ಹಗ್ಗದ ಹಿಂದಿನ ಕಥೆ

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಡಾಂಬರು ರಸ್ತೆ ಬಿಟ್ಟು ಕಾಫಿ ತೋಟದೊಳಗೆ ಒಂದಿಷ್ಟು ದೂರ ಇಳಿದರೆ ನನ್ನ ಅಕ್ಕನ ಮನೆ. ಆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬರುವುದು ಒಂದೇ ಜಾಗದಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ. ಅದೂ ಎಡಗಡೆಯ ಸರಳಿಗೆ ಒರಗಿಸಿದರೆ ಎರಡು ಕಡ್ಡಿ ಸಿಗುತ್ತದೆ, ಬಲಕ್ಕೆ ಸರಿಸಿದರೆ ಅದೂ ಇಲ್ಲ. ಫೋನು ಜಾರಿ ಬೀಳದಂತೆ ಅಕ್ಕ ಒಂದು ತೆಂಗಿನ ಕರಟವನ್ನು ಅಲ್ಲಿ ಕೂರಿಸಿದ್ದಾಳೆ. ಬೆಳಗ್ಗೆ ಆರಕ್ಕೆ ಫೋನು ಕರಟಕ್ಕೆ ಏರಿ ಹಾಟ್‌ಸ್ಪಾಟ್ ಆನ್ ಆದರೆ ರಾತ್ರಿ ಹತ್ತರವರೆಗೆ ಅಲ್ಲಿಂದ ಕದಲುವುದಿಲ್ಲ. ಭಾವ ಜಗಲಿಯಲ್ಲಿ ಕುಳಿತು ಕಾಫಿ, ಮೆಣಸಿನ ರೇಟು ನೋಡುವುದು, ಬೆಂಗಳೂರಿನ ಕಂಪನಿಯ ಮಗ ಮಳೆಗಾಲದಲ್ಲಿ ಊರಿಗೆ ಬಂದಾಗ ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ನಡೆಸುವುದು, ಅಕ್ಕನ ಅತ್ತೆ ಟ್ಯಾಬ್‌ನಲ್ಲಿ ತಾಳಮದ್ದಳೆ ಕೇಳುವುದು, ಎಲ್ಲವೂ ಆ ಕರಟದ ಕೃಪೆಯಿಂದ.

ಒಂದು ಸಿಮ್, ಒಂದು ರೀಚಾರ್ಜ್, ಬಳಸುವವರು ನಾಲ್ಕು ಮಂದಿ. ಇದಕ್ಕೆ ಬೇರೆ ದುಡ್ಡು ಕೊಡಬೇಕು ಎಂದು ಈವರೆಗೆ ಯಾರೂ ಅಕ್ಕನನ್ನು ಕೇಳಿಲ್ಲ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಒಂದು ಕಾಲದಲ್ಲಿ ತಿಂಗಳಿಗೆ 20 ಡಾಲರ್ ಹೆಚ್ಚುವರಿ ಶುಲ್ಕವಿತ್ತು ಎಂದು ನಾನು ಹೇಳಿದಾಗ ಅವಳು ನಂಬಲಿಲ್ಲ. "ಡೇಟಾಕ್ಕೆ ಕೊಟ್ಟ ಮೇಲೆ ಇನ್ನು ಯಾವುದಕ್ಕೆ?" ಎಂದಳು. ಅಲ್ಲಿನ ಸರ್ಕಾರಿ ನಿಯಂತ್ರಕರು ಇದೇ ಪ್ರಶ್ನೆಗೆ ಬರಲು ವರ್ಷಗಳೇ ಹಿಡಿದವು.

ನಾವು ಹಾಟ್‌ಸ್ಪಾಟ್ ಎನ್ನುವುದಕ್ಕೆ ಕಂಪನಿಗಳ ಭಾಷೆಯಲ್ಲಿ ಟೆದರಿಂಗ್ ಎಂದು ಹೆಸರು. ಟೆದರ್ ಎಂದರೆ ದನವನ್ನು ಗೂಟಕ್ಕೆ ಕಟ್ಟುವ ಹಗ್ಗ. ಫೋನು ಗೂಟ, ಲ್ಯಾಪ್‌ಟಾಪ್ ದನ. ದನ ಎಷ್ಟು ಮೇಯುತ್ತದೆ ಎನ್ನುವುದೇ ಇಡೀ ಜಗಳದ ಮೂಲ.

ತಂತಿಯ ತುದಿಗೆ ಏನು ಸಿಕ್ಕಿಸಬೇಕು ಎನ್ನುವ ತಕರಾರು ಮೊಬೈಲ್‌ಗಿಂತ ಬಹಳ ಹಳೆಯದು. ನಮ್ಮಲ್ಲಿ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಅಮೆರಿಕದಲ್ಲಿ ದೂರವಾಣಿಯ ಏಕಸ್ವಾಮ್ಯ ಹೊಂದಿದ್ದ ಎಟಿ&ಟಿ ಇನ್ನೂ ಬಿಗಿಯಾಗಿತ್ತು. ಪಕ್ಕದವರಿಗೆ ಮಾತು ಕೇಳದಂತೆ ರಿಸೀವರ್‌ನ ಬಾಯಿಗೆ ತೊಡಿಸುವ 'ಹಶ್-ಎ-ಫೋನ್' ಎಂಬ ಬಟ್ಟಲಿನಂಥ ಸಾಧನಕ್ಕೂ ಅದು ಆಕ್ಷೇಪ ಎತ್ತಿತು. 1956ರಲ್ಲಿ ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಬಳಿಕ ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬವರು 'ಕಾರ್ಟರ್‌ಫೋನ್' ಮಾಡಿದರು. ದೂರದಲ್ಲಿ ಕೆಲಸ ಮಾಡುವವರ ವಾಕಿಟಾಕಿಯನ್ನು ಊರಿನ ದೂರವಾಣಿಗೆ ಬೆಸೆಯುವ ಪೆಟ್ಟಿಗೆ ಅದು. ಯೋಚಿಸಿದರೆ ಅಕ್ಕನ ಕರಟವೂ ಅದೇ ಕೆಲಸ ಮಾಡುತ್ತಿದೆ. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗವಾದ ಎಫ್‌ಸಿಸಿ ಕಾರ್ಟರ್ ಪರ ನಿಂತಿತು. ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಗ್ರಾಹಕ ಜೋಡಿಸಿಕೊಳ್ಳಬಹುದು ಎಂದಿತು. ಆ ತೀರ್ಪು ಇರದಿದ್ದರೆ ಮೋಡೆಮ್ ಮನೆಮನೆಗೆ ಬರಲು ಇನ್ನೆಷ್ಟು ಕಾಲ ಬೇಕಿತ್ತೋ.

ಅದೆಲ್ಲ ತಂತಿಯ ಕಾಲ. ತಂತಿ ಇಲ್ಲದ ಕಾಲದಲ್ಲಿ ಹಳೆಯ ಅಭ್ಯಾಸ ಬೇರೆ ವೇಷದಲ್ಲಿ ಬಂತು.

2009ರ ಸುಮಾರಿಗೆ ನಾನು ಹಾಸನದಲ್ಲಿ ಬಾಡಿಗೆ ಕೋಣೆಯೊಂದರಲ್ಲಿದ್ದೆ. ನೋಕಿಯಾ ಫೋನಿಗೆ ಡೇಟಾ ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಪಿಸಿ ಸೂಟ್ ತೆರೆದು, ಸ್ಟಾರ್ 99 ಹ್ಯಾಶ್ ಎಂದು ಡಯಲ್ ಮಾಡಿದರೆ ಇಂಟರ್ನೆಟ್ ತೆರೆದುಕೊಳ್ಳುತ್ತಿತ್ತು. ತೆರೆದುಕೊಳ್ಳುತ್ತಿತ್ತು ಎನ್ನುವುದು ದೊಡ್ಡ ಮಾತು. ಒಂದು ಫೋಟೋ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುವಷ್ಟರಲ್ಲಿ ಅನ್ನಕ್ಕೆ ಇಟ್ಟ ಕುಕ್ಕರ್ ಮೂರು ಸಲ ಕೂಗುತ್ತಿತ್ತು. ಆಗ ಕಂಪನಿಗಳು ಫೋನಿಗೆ ಒಂದು ಬಾಗಿಲು, ಕಂಪ್ಯೂಟರಿಗೆ ಇನ್ನೊಂದು ಬಾಗಿಲು ಇಟ್ಟಿದ್ದವು. ಏರ್‌ಟೆಲ್‌ನಲ್ಲಿ 'ಏರ್‌ಟೆಲ್ ಲೈವ್' ಮತ್ತು 'ಮೊಬೈಲ್ ಆಫೀಸ್', ವೊಡಾಫೋನ್‌ನಲ್ಲಿ 'ಲೈವ್' ಮತ್ತು 'ಮೊಬೈಲ್ ಕನೆಕ್ಟ್'. ಎಪಿಎನ್ ಎಂಬ ಸೆಟ್ಟಿಂಗ್‌ನಲ್ಲಿ ಯಾವ ಹೆಸರು ಬರೆದಿದ್ದೀರಿ ಎನ್ನುವುದರ ಮೇಲೆ ಯಾವ ಬಾಗಿಲು ಎಂದು ತೀರ್ಮಾನವಾಗುತ್ತಿತ್ತು. ನಾನು ತಪ್ಪು ಬಾಗಿಲಿನಿಂದ ಒಂದು ವಾರ ಒಳಹೋಗಿ ಬಂದೆ. ತಿಂಗಳ ಕೊನೆಗೆ ಬಂದ ಬಿಲ್ ಕೋಣೆಯ ಬಾಡಿಗೆಗಿಂತ ಹೆಚ್ಚಿತ್ತು. ಯಾವ ಕಂಪನಿ ಎನ್ನುವುದು ಈಗ ಬೇಡ. ಅಂದರೆ ಟೆದರಿಂಗ್ ಶುಲ್ಕ ನಮ್ಮಲ್ಲಿಯೂ ಇತ್ತು, ಬಿಲ್ಲಿನಲ್ಲಿ ಆ ಹೆಸರು ಇರಲಿಲ್ಲ ಅಷ್ಟೆ.

ಈ ವ್ಯವಹಾರದ ತಿರುಳು ಬಿಚ್ಚಿಕೊಂಡದ್ದು ಅಮೆರಿಕದಲ್ಲಿ. 2007ರ ಜೂನ್‌ನಲ್ಲಿ ಐಫೋನ್ ಬಂದಾಗ ಎಟಿ&ಟಿ ಅದಕ್ಕೆ 20 ಡಾಲರ್‌ಗೆ ತಿಂಗಳಿಡೀ ಅನ್‌ಲಿಮಿಟೆಡ್ ಡೇಟಾ ಕೊಟ್ಟಿತು. ಸಣ್ಣ ಪರದೆಯಲ್ಲಿ ಯಾರು ಎಷ್ಟು ತಾನೇ ಬಳಸಿಯಾರು ಎಂಬ ಲೆಕ್ಕ. ಅದೇ ಸಮಯದಲ್ಲಿ ಲ್ಯಾಪ್‌ಟಾಪ್‌ಗೆಂದೇ ಪ್ರತ್ಯೇಕ ಡೇಟಾ ಕಾರ್ಡ್ ಮಾರುತ್ತಿದ್ದರು, 5 ಜಿಬಿಗೆ 60 ಡಾಲರ್. ಫೋನಿಗೆ ಹಗ್ಗ ಕಟ್ಟಿ ಲ್ಯಾಪ್‌ಟಾಪ್ ಮೇಯಿಸಲು ಬಿಟ್ಟರೆ 60 ಡಾಲರ್‌ನ ಕಾರ್ಡು ಕೊಳ್ಳುವವರು ಯಾರು? ಜಾಲಕ್ಕೆ ಭಾರ ಎಂದು ಹೊರಗೆ ಹೇಳುತ್ತಿದ್ದುದು ಸುಳ್ಳಲ್ಲ, ಆದರೆ ಒಳಗಿನ ಭಯ ಇದೇ ಇದ್ದಿರಬೇಕು ಎಂದು ನನ್ನ ಅನಿಸಿಕೆ. 2008ರಲ್ಲಿ ನೆಟ್‌ಶೇರ್ ಎಂಬ ಆ್ಯಪ್ ಐಫೋನ್‌ಗೆ ಈ ಹಗ್ಗ ಕೊಟ್ಟಿತು. ಆ್ಯಪಲ್ ಅದನ್ನು ಅಂಗಡಿಯಿಂದ ತೆಗೆದುಹಾಕಿತು.

2010ರ ಜೂನ್‌ನಲ್ಲಿ ಎಟಿ&ಟಿ ಹೊಸಬರಿಗೆ ಅನ್‌ಲಿಮಿಟೆಡ್ ನಿಲ್ಲಿಸಿ, 2 ಜಿಬಿಗೆ 25 ಡಾಲರ್ ಎಂದು ತೂಕಕ್ಕೆ ಮಾರಲು ಶುರುಮಾಡಿತು. ಒಳ್ಳೆಯದೇ. ಆದರೆ ಅದೇ ದಿನ ಟೆದರಿಂಗ್‌ಗೆ ಇನ್ನೂ 20 ಡಾಲರ್ ಎಂದಿತು, ಆ 20 ಡಾಲರ್‌ಗೆ ಒಂದು ಎಂಬಿಯೂ ಹೆಚ್ಚಿಗೆ ಇಲ್ಲ. ಒಂದು ಕಿಲೋ ಸಕ್ಕರೆ ತೂಗಿ ದುಡ್ಡು ತೆಗೆದುಕೊಂಡ ಅಂಗಡಿಯವನು, ಪಾಯಸಕ್ಕೆ ಹಾಕುವುದಾದರೆ ಇನ್ನಷ್ಟು ಕೊಡಿ ಎಂದಂತೆ. ಟೀಕೆಯ ಮಳೆ ಸುರಿದ ಮೇಲೆ 2011ರಲ್ಲಿ ಎರಡೂ ಸೇರಿ 45 ಡಾಲರ್‌ಗೆ 4 ಜಿಬಿ ಎಂದು ತಿದ್ದಿಕೊಂಡರು. ಇತ್ತ 2010ರ ಮೇ ತಿಂಗಳಲ್ಲೇ ಗೂಗಲ್ ಆಂಡ್ರಾಯ್ಡ್ 2.2ರಲ್ಲಿ ಹಾಟ್‌ಸ್ಪಾಟ್ ಗುಂಡಿಯನ್ನು ಫೋನಿನೊಳಗೇ ಕೂರಿಸಿಬಿಟ್ಟಿತ್ತು.

ಕದ್ದು ಹಗ್ಗ ಕಟ್ಟಿದವರನ್ನು ಕಂಪನಿ ಹೇಗೆ ಹಿಡಿಯುತ್ತದೆ ಎನ್ನುವುದು ಸ್ವಾರಸ್ಯದ ಸಂಗತಿ. ಅಂತರ್ಜಾಲದಲ್ಲಿ ಡೇಟಾ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ, ಪ್ರತಿ ಪೊಟ್ಟಣದ ಮೇಲೆ ಟಿಟಿಎಲ್ ಎಂಬ ಒಂದು ಅಂಕಿ ಇರುತ್ತದೆ. ದಾರಿಯಲ್ಲಿ ಒಂದು ರೂಟರ್ ದಾಟಿದರೆ ಒಂದು ಕಡಿಮೆಯಾಗುತ್ತದೆ. ಆಂಡ್ರಾಯ್ಡ್ ಫೋನು ಸಾಮಾನ್ಯವಾಗಿ 64 ಎಂದು ಬರೆದು ಕಳುಹಿಸುತ್ತದೆ, ವಿಂಡೋಸ್ ಲ್ಯಾಪ್‌ಟಾಪ್ 128 ಎಂದು. ಫೋನಿನಿಂದ ನೇರ ಹೊರಟದ್ದು ಕಂಪನಿಯ ಮೊದಲ ಗೇಟಿಗೆ 64 ಆಗಿಯೇ ತಲುಪುತ್ತದೆ. ಹಾಟ್‌ಸ್ಪಾಟ್ ಮೂಲಕ ಬಂದದ್ದು ಫೋನನ್ನು ದಾಟಿ ಬಂದಿರುವುದರಿಂದ 63 ಅಥವಾ 127. ಕೊಟ್ಟಿಗೆಹಾರದ ಚೆಕ್‌ಪೋಸ್ಟಿನಲ್ಲಿ ಲಾರಿಯ ಚೀಟಿ ನೋಡಿ, ಹಿಂದೆ ಇನ್ನೊಂದು ಕಡೆ ಸೀಲು ಬಿದ್ದಿದೆಯಲ್ಲ ಎನ್ನುವ ಹಾಗೆ. ಈ ಅಂಕಿಯನ್ನು ತಿದ್ದುವ ಉಪಾಯವೂ ಬಂತು, ಅದನ್ನು ಹಿಡಿಯುವ ಉಪಾಯವೂ ಬಂತು.

ನಿರ್ಣಾಯಕವಾದದ್ದು ಅಮೆರಿಕದ ಇನ್ನೊಂದು ಮೊಬೈಲ್ ಕಂಪನಿಯಾದ ವೆರಿಜಾನ್‌ನ ಪ್ರಕರಣ. 2008ರ ತರಂಗಾಂತರ ಹರಾಜಿನಲ್ಲಿ 'ಸಿ ಬ್ಲಾಕ್' ಎಂಬ ಭಾಗಕ್ಕೆ ಎಫ್‌ಸಿಸಿ ಒಂದು ಷರತ್ತು ಹಾಕಿತ್ತು: ಗ್ರಾಹಕ ತನ್ನಿಷ್ಟದ ಸಾಧನ, ತನ್ನಿಷ್ಟದ ಆ್ಯಪ್ ಬಳಸುವುದನ್ನು ತಡೆಯಬಾರದು. ವೆರಿಜಾನ್ ಅದನ್ನು ಗೆದ್ದುಕೊಂಡಿತು, ಆಮೇಲೆ ಟೆದರಿಂಗ್ ಆ್ಯಪ್‌ಗಳು ತನ್ನ ಗ್ರಾಹಕರಿಗೆ ಸಿಗದಂತೆ ನೋಡಿಕೊಳ್ಳಲು ಗೂಗಲ್‌ಗೆ ಕೇಳಿಕೊಂಡಿತು ಎಂಬ ದೂರು ಬಂತು. 2012ರ ಜುಲೈ 31ರಂದು ವೆರಿಜಾನ್ 12.5 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ತೂಕಕ್ಕೆ ಡೇಟಾ ಕೊಳ್ಳುವವರು 20 ಡಾಲರ್ ಕೊಡದೆಯೇ ಆ ಆ್ಯಪ್‌ಗಳಿಂದ ಟೆದರಿಂಗ್ ಮಾಡಬಹುದು ಎಂದಾಯಿತು. ಹಳೆಯ ಅನ್‌ಲಿಮಿಟೆಡ್ ಗ್ರಾಹಕರಿಗೆ ಮಾತ್ರ ಈ ವಿನಾಯಿತಿ ಇಲ್ಲ.

ಈ ಕೊನೆಯ ವಾಕ್ಯದಲ್ಲಿ ನ್ಯಾಯವಿದೆ ಎಂದು ನನಗನ್ನಿಸುತ್ತದೆ. ನಮ್ಮ ಮನೆಯ ಕರೆಂಟಿಗೆ ಮೀಟರ್ ಇದೆ. ಸೆಸ್ಕ್ ಆಗಲಿ ಮೆಸ್ಕಾಂ ಆಗಲಿ, ಯೂನಿಟ್ ಎಷ್ಟು ಎಂದು ನೋಡುತ್ತದೆಯೇ ಹೊರತು ಮಿಕ್ಸಿಗೆಷ್ಟು, ಬಲ್ಬಿಗೆಷ್ಟು ಎಂದು ಕೇಳುವುದಿಲ್ಲ. ತೋಟದ ಪಂಪ್‌ಸೆಟ್ಟಿನ ಕಥೆ ಬೇರೆ. ಮೀಟರ್ ಇಲ್ಲದೆ ಅಶ್ವಶಕ್ತಿಯ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಿದ್ದ ಕಾಲದಿಂದಲೂ ಅಲ್ಲಿ ಜಗಳ ಇದ್ದದ್ದೇ: ಮೋಟಾರು ಎಷ್ಟು ದೊಡ್ಡದು, ಪೈಪು ಪಕ್ಕದ ತೋಟಕ್ಕೂ ಹೋಗಿದೆಯೇ? ಅಳತೆ ಇದ್ದಲ್ಲಿ ಪೈಪಿನ ತುದಿ ನೋಡುವ ಹಕ್ಕು ಮಾರುವವನಿಗೆ ಇಲ್ಲ. ಅಳತೆ ಇಲ್ಲದಲ್ಲಿ ಅವನು ನೋಡಿಯೇ ನೋಡುತ್ತಾನೆ. 2015ರಲ್ಲಿ ಅಮೆರಿಕದ ಮತ್ತೊಂದು ಮೊಬೈಲ್ ಕಂಪನಿ ಟಿ-ಮೊಬೈಲ್‌ನ ಮುಖ್ಯಸ್ಥ ಜಾನ್ ಲೆಜರ್, ಅನ್‌ಲಿಮಿಟೆಡ್ ಫೋನ್ ಪ್ಲಾನಿನಲ್ಲಿ ಕೆಲವರು ಕದ್ದು ಟೆದರಿಂಗ್ ಮಾಡಿ ತಿಂಗಳಿಗೆ 2 ಟೆರಾಬೈಟ್‌ವರೆಗೆ ಎಳೆಯುತ್ತಿದ್ದಾರೆ ಎಂದು ಸಿಟ್ಟಾದದ್ದು ಪೂರ್ತಿ ಅನ್ಯಾಯದ ಸಿಟ್ಟೇನಲ್ಲ. ಹಾಗಿದ್ದರೆ ಅದನ್ನು ಅನ್‌ಲಿಮಿಟೆಡ್ ಎಂದು ಕರೆದದ್ದು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಯುರೋಪಿನಲ್ಲಿ ವಿಷಯ ನ್ಯಾಯಾಲಯದಲ್ಲಿ ಮುಗಿಯಿತು. ಜರ್ಮನಿಯಲ್ಲಿ ಕೆಲವು ಆ್ಯಪ್‌ಗಳ ಬಳಕೆಯನ್ನು ಡೇಟಾ ಲೆಕ್ಕಕ್ಕೆ ಹಿಡಿಯದ 'ವೊಡಾಫೋನ್ ಪಾಸ್' ಎಂಬ ಯೋಜನೆಯಿತ್ತು. ಹಾಟ್‌ಸ್ಪಾಟ್ ಮೂಲಕ ಬಳಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. 2021ರ ಸೆಪ್ಟೆಂಬರ್ 2ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇದು ಮುಕ್ತ ಅಂತರ್ಜಾಲದ ಕಾನೂನಿಗೆ ವಿರುದ್ಧ ಎಂದಿತು.

ನಮ್ಮಲ್ಲಿ ಇಂಥ ಮೊಕದ್ದಮೆಯ ಅಗತ್ಯವೇ ಬೀಳಲಿಲ್ಲ, ಅದಕ್ಕೆ ಕಾರಣ ಪೈಪೋಟಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಮರುವರ್ಷದ ಮಾರ್ಚ್ ಕೊನೆಯವರೆಗೆ ಡೇಟಾವನ್ನು ಪುಕ್ಕಟೆ ಕೊಟ್ಟ ಮೇಲೆ ಉಳಿದವರೂ ದರ ಇಳಿಸಲೇಬೇಕಾಯಿತು. ದಿನಕ್ಕೆ ಇಷ್ಟು ಜಿಬಿ ಎಂಬ ಪಡಿ ಪದ್ಧತಿ ಬಂತು. ಅಕ್ಕನ ಫೋನಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಮುಗಿಯಿತು ಎಂಬ ಸಂದೇಶ, ಮಗ ಮೀಟಿಂಗ್‌ನಲ್ಲಿದ್ದರೆ ನಾಲ್ಕಕ್ಕೇ ಪೂರ್ತಿ ಮುಗಿಯಿತು ಎಂಬ ಸಂದೇಶ. ಆಮೇಲೆ ಬೂಸ್ಟರ್ ರೀಚಾರ್ಜ್. ಹೆಚ್ಚು ಬಳಸಿದವರು ಹೆಚ್ಚು ಕೊಡುತ್ತಲೇ ಇದ್ದಾರೆ.

ನಿಯಮ ಏನು ಹೇಳುತ್ತದೆ? 2016ರ ಫೆಬ್ರವರಿ 8ರಂದು ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರಡಿಸಿದ ನಿಯಮಾವಳಿ, ಯಾವ ವಿಷಯ ನೋಡುತ್ತೀರಿ ಎನ್ನುವುದರ ಮೇಲೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ಆಯ್ದ ಕೆಲವು ತಾಣಗಳನ್ನಷ್ಟೇ ಪುಕ್ಕಟೆ ತೋರಿಸುತ್ತಿದ್ದ ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ನಿಂತದ್ದು ಅದರಿಂದಲೇ. 2017ರ ನವೆಂಬರ್‌ನಲ್ಲಿ ಟ್ರಾಯ್ ಮಾಡಿ, 2018ರಲ್ಲಿ ಸರ್ಕಾರ ಒಪ್ಪಿದ ಶಿಫಾರಸುಗಳಲ್ಲಿ ಗ್ರಾಹಕನ ಸಾಧನದ ಆಧಾರದ ಮೇಲೂ ತಡೆಯುವುದು, ನಿಧಾನ ಮಾಡುವುದು ಸಲ್ಲದು ಎಂಬ ಮಾತು ಸೇರಿತು. ಮೊದಲನೆಯದು ದರದ ಬಗ್ಗೆ, ಆದರೆ ಸಾಧನದ ಬಗ್ಗೆ ಅಲ್ಲ. ಎರಡನೆಯದು ಸಾಧನದ ಬಗ್ಗೆ, ಆದರೆ ದರದ ಬಗ್ಗೆ ಅಲ್ಲ. ನಾಳೆ ಯಾರಾದರೂ ಹಾಟ್‌ಸ್ಪಾಟ್‌ಗೆ ಶುಲ್ಕ ಹಾಕಹೊರಟರೆ ನುಸುಳುವುದು ಈ ಎರಡರ ನಡುವಿನ ಸಂದಿಯಲ್ಲೇ.

ಹಾಕಹೊರಡುವ ಕಾರಣವೂ ಹುಟ್ಟಿದೆ. 2022ರ ಅಕ್ಟೋಬರ್‌ನಲ್ಲಿ 5ಜಿ ಬಂದ ಮೇಲೆ ಫೋನಿಗೆ ಮತ್ತೆ ಅನ್‌ಲಿಮಿಟೆಡ್ ಎಂಬ ಪದ ಬಂತು. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಏರ್‌ಫೈಬರ್ ಎಂಬ ಹೆಸರಿನಲ್ಲಿ ಅದೇ 5ಜಿ ಗಾಳಿಯನ್ನು ಮನೆಯ ಪೆಟ್ಟಿಗೆಗೆ ಹರಿಸಿ ಪ್ರತ್ಯೇಕ ತಿಂಗಳ ಬಾಡಿಗೆಗೆ ಮಾರತೊಡಗಿದವು. ಅಂದರೆ 2007ರ ಅಮೆರಿಕದ ಚಿತ್ರವೇ: ಒಂದೇ ಟವರು, ಒಂದು ಕಡೆ ಅಳತೆಯಿಲ್ಲದ ಅಗ್ಗದ ಫೋನು, ಇನ್ನೊಂದು ಕಡೆ ದುಡ್ಡಿನ ಪೆಟ್ಟಿಗೆ, ನಡುವೆ ಒಂದು ಹಗ್ಗ. ಮಿತಿ ಬೇಕಿದ್ದರೆ ಇಷ್ಟು ಜಿಬಿ ಎಂದು ಪ್ಲಾನಿನ ಹೆಸರಿನ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಲಿ. ಹಗ್ಗಕ್ಕೆ ಕಂದಾಯ ಬೇಡ. ಕಳಸದ ಕಡೆಯವರಿಗಂತೂ 5ಜಿಗಿಂತ ಮೊದಲು, ಮಳೆಗಾಲದಲ್ಲಿ ಕರೆಂಟು ಹೋದಾಗ ಟವರು ಉಸಿರಾಡುತ್ತಿದ್ದರೆ ಸಾಕು.

ಕಷ್ಟ ಇರುವುದು ಅಂಗಡಿ ಮತ್ತು ಮನೆ ಬೆರೆತಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟರೆ ಕರೆಂಟಿಗೆ ವಾಣಿಜ್ಯ ದರ ಬೀಳುತ್ತದಲ್ಲ, ಡೇಟಾಕ್ಕೂ ಹಾಗೆಯೇ ಆಗಬೇಕೇ? ಆಲ್ದೂರಿನ ಹತ್ತಿರ ಹೋಂಸ್ಟೇ ನಡೆಸುವ ಪರಿಚಯದವರೊಬ್ಬರು ಅಟ್ಟದ ಮೇಲೆ, ಹೆಂಚಿನ ಕೆಳಗೆ, ಹಳೆಯ ಫೋನೊಂದನ್ನು ಹಾಟ್‌ಸ್ಪಾಟ್‌ಗೆಂದೇ ತೂಗುಹಾಕಿದ್ದಾರೆ. ಶನಿವಾರ ಬೆಂಗಳೂರಿನಿಂದ ಬರುವ ನಾಲ್ಕು ಮಂದಿ ಅಕ್ಕಿರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಅದರ ದಿನದ ಪಡಿಯನ್ನೂ ತಿಂದು ಮುಗಿಸಿರುತ್ತಾರೆ. ನೆಟ್‌ಗೆ ಬೇರೆ ದುಡ್ಡು ಇಟ್ಟಿದ್ದೀರಾ ಎಂದು ಕೇಳಿದೆ. "ಬಿಸಿನೀರಿಗೇ ಇಟ್ಟಿಲ್ಲ ಮಾರಾಯರೇ, ಇದಕ್ಕೆ ಇಡುವುದುಂಟೇ?" ಎಂದು ನಕ್ಕು, ಬೂಸ್ಟರ್ ಹಾಕಿಸಲು ಏಣಿ ಹತ್ತಿದರು.