ಪ್ರಿಂಟ್ ಒಣಗಿದರೆ ಸಾಲದು, ಬೇಯಬೇಕು

ಕರಾಟೆ ಕ್ಲಾಸ್‌ನ ಟೀ ಶರ್ಟನ್ನು ಮನೆಯಲ್ಲೇ ಪ್ರಿಂಟ್ ಮಾಡಿಕೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ನನಗೆ ಇದು ಖುಷಿಯ ವಿಷಯವೇ. ನಮ್ಮಂಥ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರು ಹೇಳುವ ರೇಟು ಸಣ್ಣ ಕ್ಲಾಸ್‌ಗಳಿಗೆ ಭಾರ ಅನಿಸುತ್ತದೆ, ಯಾಕಂದ್ರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅಂದರೆ ಚಿತ್ರದ ಜಾಗದಲ್ಲಷ್ಟೇ ಇಂಕ್ ಇಳಿಯಲು ಬಿಡುವ ಜಾಲರಿಯ ಫ್ರೇಮು, ಮಾಡಬೇಕು, ಆ ಖರ್ಚು 20 ಪೀಸ್‌ಗೂ ಅಷ್ಟೇ, 200 ಪೀಸ್‌ಗೂ ಅಷ್ಟೇ. ಅದಕ್ಕೇ ಮಾಸ್ಟರ್‌ಗಳು ಫ್ರೇಮು, ಇಂಕ್ ಎಳೆಯುವ ರಬ್ಬರ್ ಪಟ್ಟಿಯ ಸ್ಕ್ವೀಜಿ, ಒಂದು ಡಬ್ಬ ಇಂಕು ತರಿಸಿಕೊಂಡು, ಭಾನುವಾರ ಹುಡುಗರನ್ನೆಲ್ಲ ಕೂರಿಸಿಕೊಂಡು ಮನೆಯ ಹಾಲ್‌ನಲ್ಲೇ ಕೆಲಸ ಶುರು ಮಾಡುತ್ತಾರೆ. ಒಳ್ಳೇದು. ಆದರೆ ಸ್ವಲ್ಪ ದಿನ ಬಿಟ್ಟು ಅದೇ ಟೀ ಶರ್ಟ್ ಹಿಡಿದು ನನ್ನ ಹತ್ತಿರ ಬಂದಾಗ ಎಲ್ಲರ ಮಾತೂ ಒಂದೇ: "ಇಂಕ್ ಡೂಪ್ಲಿಕೇಟ್ ಸಾರ್, ಒಂದೇ ಒಗೆತಕ್ಕೆ ಎದೆ ಮೇಲಿನ ಹುಲಿ ಪುಡಿಪುಡಿ ಆಯ್ತು."

ಹೆಚ್ಚಿನ ಸಲ ಇಂಕ್‌ನಲ್ಲಿ ಏನೂ ದೋಷ ಇರುವುದಿಲ್ಲ. ಅದಕ್ಕೆ ಬೇಕಾದಷ್ಟು ಶಾಖ ಸಿಕ್ಕಿರುವುದಿಲ್ಲ, ಅಷ್ಟೇ. ಇದನ್ನು ಹೇಳಿದರೆ ಯಾರೂ ನಂಬಲ್ಲ. "ಇಲ್ಲ ಸಾರ್, ಚೆನ್ನಾಗಿ ಒಣಗಿತ್ತು, ಕೈಗೆ ಒಂಚೂರೂ ಅಂಟುತ್ತಿರಲಿಲ್ಲ" ಅನ್ನುತ್ತಾರೆ. ಈ ಕೈಗೆ ಅಂಟದ ಲೆಕ್ಕವೇ ಎಲ್ಲರ ಕೆಲಸ ಕೆಡಿಸಿರುವುದು. ಫ್ರೇಮ್ ಹೇಗೆ ಎಕ್ಸ್‌ಪೋಸ್ ಮಾಡಬೇಕು, ಸ್ಕ್ವೀಜಿ ಹೇಗೆ ಎಳೆಯಬೇಕು ಅಂತ ನಾನಿಲ್ಲಿ ಬರೆಯುವುದಿಲ್ಲ, ಅದಕ್ಕೆ ವಿಡಿಯೊಗಳು ಬೇಕಾದಷ್ಟಿವೆ. ಶಾಖದ ವಿಷಯ ಒಂದನ್ನು ಸರಿಯಾಗಿ ಹೇಳಿಬಿಡುತ್ತೇನೆ.

ಟೀ ಶರ್ಟ್‌ಗೆ ಹೆಚ್ಚಾಗಿ ಬಳಸುವುದು ಪ್ಲಾಸ್ಟಿಸಾಲ್ ಇಂಕ್. ಪಿವಿಸಿ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಕಣಗಳು ಎಣ್ಣೆಯಂಥ ಒಂದು ದ್ರವದಲ್ಲಿ ಬೆರೆತಿರುತ್ತವೆ, ಆ ದ್ರವಕ್ಕೆ ಪ್ಲಾಸ್ಟಿಸೈಜರ್ ಅನ್ನುತ್ತಾರೆ. ಇದರಲ್ಲಿ ಆರಿ ಹೋಗುವುದಕ್ಕೆ ನೀರೇ ಇಲ್ಲ. ಫ್ರೇಮ್ ಮೇಲೆ ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಇಂಕ್ ಹಾಗೇ ಇರುತ್ತದೆ. ಬಿಸಿ ತಾಗಿದಾಗ ಮಾತ್ರ ಕಣಗಳು ಆ ಎಣ್ಣೆಯನ್ನು ಹೀರಿಕೊಂಡು ಉಬ್ಬುತ್ತವೆ. 80ರಿಂದ 100 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಇಂಕ್ ಗಟ್ಟಿಯಾಗುತ್ತದೆ, ಮುಟ್ಟಿದರೆ ಅಂಟುವುದಿಲ್ಲ. ನಮ್ಮವರು ಇಲ್ಲಿಗೇ ಕೆಲಸ ಮುಗೀತು ಅಂದುಕೊಂಡು ಮಡಚಿ ಕವರ್‌ಗೆ ಹಾಕುತ್ತಾರೆ. ಆದರೆ ಕಣಗಳು ಒಂದಕ್ಕೊಂದು ಬೆಸೆದು, ಬಟ್ಟೆಯ ನೂಲನ್ನು ಸುತ್ತಿ ಹಿಡಿದು, ಎಳೆದರೂ ಬಿಡದ ಒಂದೇ ಪದರ ಆಗುವುದು ಸುಮಾರು 160 ಡಿಗ್ರಿಗೆ. 130ರ ಆಸುಪಾಸಿನಲ್ಲೇ ಬೇಯುವ ಇಂಕ್‌ಗಳೂ ಈಗ ಬಂದಿವೆ, ಹಾಗಾಗಿ ಡಬ್ಬದ ಮೇಲೆ ಕಂಪನಿಯವರು ಏನು ಬರೆದಿದ್ದಾರೋ ಅದೇ ಕೊನೇ ಮಾತು, ನನ್ನದಲ್ಲ.

ಆ 160 ಡಿಗ್ರಿ ಇಂಕ್‌ನ ಮೇಲ್ಮೈಗೆ ಸಿಕ್ಕರೆ ಸಾಲದು. ಬಟ್ಟೆಗೆ ತಾಗಿಕೊಂಡಿರುವ ಕೆಳಗಿನ ಪದರಕ್ಕೂ ಅಷ್ಟೇ ಸಿಗಬೇಕು. ಇಡ್ಲಿ ಮೇಲೆ ಗಟ್ಟಿ ಕಂಡರೂ ಚಮಚ ಚುಚ್ಚಿದರೆ ಒಳಗೆ ಹಿಟ್ಟು ಅಂಟುತ್ತದಲ್ವಾ, ಹಾಗೆ. ಕೆಲವರು ಬುದ್ಧಿವಂತಿಕೆಯಿಂದ ಲೇಸರ್ ಚುಕ್ಕಿಯ ಥರ್ಮಾಮೀಟರ್ ಗನ್ ಕೊಂಡಿರುತ್ತಾರೆ, "160 ತೋರಿಸ್ತು ಸಾರ್" ಅಂತಾರೆ. ಅದು ಓದುವುದು ಮೇಲ್ಮೈಯನ್ನು ಮಾತ್ರ. ಅಡಿಯಲ್ಲಿ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಆ ಅಂಕಿ ಬಂದ ತಕ್ಷಣ ನಿಲ್ಲಿಸಬೇಡಿ, ಅದೇ ಶಾಖದಲ್ಲಿ ಇನ್ನಷ್ಟು ಹೊತ್ತು ಇರಲಿ.

ಇದರ ಮೇಲೆ ಕಪ್ಪು ಬಟ್ಟೆಯ ಹುಚ್ಚು ಬೇರೆ. ಕರಾಟೆ, ಕಿಕ್ ಬಾಕ್ಸಿಂಗ್ ಅಂದ ತಕ್ಷಣ ಎಲ್ಲರಿಗೂ ಕಪ್ಪು ಟೀ ಶರ್ಟೇ ಆಗಬೇಕು. ಕಪ್ಪಿನ ಮೇಲೆ ಬಿಳಿ ಎದ್ದು ಕಾಣಬೇಕಾದರೆ ಇಂಕ್ ದಪ್ಪ ಬೀಳಬೇಕು. ಅದಕ್ಕೆ ಒಂದು ಸಲ ಎಳೆದು, ಮೇಲಿಂದ ಬಿಸಿ ಕೊಟ್ಟು ಸ್ವಲ್ಪ ಗಟ್ಟಿ ಮಾಡಿ, ಅದರ ಮೇಲೆ ಇನ್ನೊಂದು ಸಲ ಎಳೆಯುತ್ತೇವೆ. ನಡುವೆ ಕೊಡುವ ಆ ಬಿಸಿಗೆ ಫ್ಲಾಷ್ ಅನ್ನುತ್ತಾರೆ. ಫ್ಲಾಷ್ ಮಾಡಿದ ಇಂಕ್ ಬೆಂದಿರುವುದಿಲ್ಲ, ಎರಡನೇ ಕೋಟ್ ಕೂರುವಷ್ಟು ಗಟ್ಟಿ ಆಗಿರುತ್ತದೆ ಅಷ್ಟೇ. ಪದರ ದಪ್ಪ ಆದಷ್ಟೂ ಶಾಖ ಅಡಿ ತಲುಪುವುದಕ್ಕೆ ಸಮಯ ಹಿಡಿಯುತ್ತದೆ. ಅಂದರೆ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವನ್ನೇ ಎಲ್ಲರೂ ಮೊದಲು ಆರಿಸಿಕೊಳ್ಳುತ್ತಾರೆ. ಬಿಳಿ ಅಥವಾ ತಿಳಿ ಬೂದು ಬಣ್ಣದ ಬಟ್ಟೆಯ ಮೇಲೆ ಕಪ್ಪು ಇಂಕ್ ತೆಳ್ಳಗೆ ಒಂದೇ ಸಲ ಎಳೆದರೆ ಸಾಕು, ಬೇಗ ಬೇಯುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

"ಬಿಸಿಲಿಗೆ ಹಾಕಿದ್ವಿ ಸಾರ್" ಅನ್ನುವವರಿಗೂ ಲೆಕ್ಕ ಹೇಳುತ್ತೇನೆ. ರಾಯಚೂರಿನ ಬೇಸಿಗೆಯಲ್ಲೂ ಗಾಳಿಯ ಬಿಸಿ 40 ಡಿಗ್ರಿ ದಾಟಿ ಸ್ವಲ್ಪ ಮೇಲೆ ಹೋಗಬಹುದು, ನಮಗೆ ಬೇಕಾಗಿರುವುದು 160. ಪ್ಲಾಸ್ಟಿಸಾಲ್ ಅನ್ನು ಎಷ್ಟು ದಿನ ಬಿಸಿಲಲ್ಲಿ ಇಟ್ಟರೂ ಬೇಯುವುದಿಲ್ಲ. ಹೇರ್ ಡ್ರೈಯರ್ ಕೂಡ ಸಾಲದು, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ತಣ್ಣಗಾಗಿರುತ್ತದೆ. ನೀರಿನ ಇಂಕ್, ಅಂದರೆ ನಮ್ಮಲ್ಲಿ ಪಿಗ್ಮೆಂಟ್, ಖಾದಿ ಅಂತೆಲ್ಲ ಕರೆಯುವಂಥದ್ದು, ಸ್ವಲ್ಪ ಬೇರೆ. ಅದರ ನೀರು ಬಿಸಿಲಿಗೆ ಆರುತ್ತದೆ, ನಿಜ. ಆದರೆ ಬಣ್ಣವನ್ನು ಬಟ್ಟೆಗೆ ಹಿಡಿಸುವುದು ಒಳಗಿರುವ ಬೈಂಡರ್, ಅದು ಗಟ್ಟಿಯಾಗಿ ಕೂರುವುದಕ್ಕೆ ಆಮೇಲೆ ಶಾಖ ಬೇಕು. ಬಣ್ಣ ಹಿಡಿಸುವ ಫಿಕ್ಸರ್ ಬೆರೆಸಿ ಕೆಲವು ದಿನ ಬಿಟ್ಟರೆ ಶಾಖವಿಲ್ಲದೆಯೂ ಹಿಡಿಯುವ ಇಂಕ್‌ಗಳು ಇವೆ. ಮನೆಯವರಿಗೆ ನಾನು ಅದನ್ನೇ ತಗೊಳ್ಳಿ ಅನ್ನುತ್ತೇನೆ, ಡಬ್ಬದ ಸೂಚನೆ ಓದಿ ಅಳತೆ ಪ್ರಕಾರ ಬೆರೆಸುವ ತಾಳ್ಮೆ ಇದ್ದರೆ.

ಇನ್ನು ಇಸ್ತ್ರಿ ಪೆಟ್ಟಿಗೆ. ಇದರಿಂದ ಕೆಲಸ ಆಗುತ್ತದೆ, ಎಚ್ಚರ ಇದ್ದರೆ. ಬಟ್ಟೆಯ ಲೇಬಲ್ ಮೇಲೆ ಇಸ್ತ್ರಿ ಪೆಟ್ಟಿಗೆಯ ಚಿತ್ರದೊಳಗೆ ಚುಕ್ಕಿ ಇರುತ್ತದೆ ನೋಡಿ: ಒಂದು ಚುಕ್ಕಿ ಅಂದರೆ ಸುಮಾರು 110 ಡಿಗ್ರಿವರೆಗೆ, ಎರಡು ಅಂದರೆ ಸುಮಾರು 150, ಮೂರು ಅಂದರೆ ಸುಮಾರು 200. ಪೆಟ್ಟಿಗೆಯ ತಿರುಗಣೆ ಮೇಲೂ ಇದೇ ಚುಕ್ಕಿಗಳು. ಎರಡಕ್ಕೂ ಮೂರಕ್ಕೂ ನಡುವೆ ಇಡಿ. ಪೆಟ್ಟಿಗೆಯ ಒಳಗಿನ ಥರ್ಮೋಸ್ಟಾಟ್ ಹೊತ್ತಿ ಆರುತ್ತಾ ಇರುವುದರಿಂದ ಬಿಸಿ ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಒಂದೇ ಲೆಕ್ಕ ಹೇಳುವುದು ಕಷ್ಟ. ನೀರಿನ ಹಬೆ ಬೇಡವೇ ಬೇಡ. ಮುಖ್ಯವಾಗಿ, ನಮ್ಮ ಮನೆಗಳಲ್ಲಿ ಕಂಬಳಿ ಮಡಚಿ ಅದರ ಮೇಲೆ ಇಸ್ತ್ರಿ ಮಾಡುವ ಅಭ್ಯಾಸ. ಕಂಬಳಿ ಒತ್ತಡವನ್ನೂ ತಿನ್ನುತ್ತದೆ, ಶಾಖವನ್ನೂ ತಿನ್ನುತ್ತದೆ. ಗಟ್ಟಿ ಹಲಗೆ ಇಟ್ಟು, ಪ್ರಿಂಟ್ ಮೇಲೆ ಬೇಕಿಂಗ್ ಪೇಪರ್ ಹಾಕಿ, ಎಳೆದಾಡದೆ ಒಂದೊಂದು ಜಾಗದಲ್ಲಿ ಒತ್ತಿ ಹಿಡಿಯಿರಿ. ಪೆಟ್ಟಿಗೆಯ ಮೂತಿಗೂ ಅಂಚಿಗೂ ಬಿಸಿ ಕಡಿಮೆ ಇರಬಹುದು, ಅದಕ್ಕೇ ಹುಲಿಯ ಮುಖ ಗಟ್ಟಿಯಾಗಿದ್ದು ಬಾಲ ಮಾತ್ರ ಉದುರುವುದು. ಕಿಟಕಿ ತೆಗೆದಿಡಿ. ಅಡುಗೆಗೆ ಬಳಸುವ ಓವನ್‌ನಲ್ಲಿ ಮಾತ್ರ ಯಾವ ಕಾರಣಕ್ಕೂ ಟೀ ಶರ್ಟ್ ಇಡಬೇಡಿ. ಇಂಕ್‌ನ ಹೊಗೆ ಊಟದ ಜಾಗಕ್ಕೆ ಬರಬಾರದು.

ಬೆಂದಿದೆಯೋ ಇಲ್ಲವೋ ನೋಡುವುದು ಹೀಗೆ. ಟೀ ಶರ್ಟ್ ಪೂರ್ತಿ ತಣ್ಣಗಾಗಲಿ. ಪ್ರಿಂಟ್‌ನ ಅತಿ ದಪ್ಪ ಜಾಗ ಹುಡುಕಿ, ಎರಡೂ ಕೈಯ ಹೆಬ್ಬೆರಳು ಅದರ ಎರಡು ಬದಿಗೆ ಒತ್ತಿ, ಬಟ್ಟೆಯನ್ನು ಅಡ್ಡಕ್ಕೆ ನಿಧಾನ ಎಳೆಯಿರಿ, ಒಂದೂವರೆ ಪಟ್ಟು ಉದ್ದ ಆಗುವಷ್ಟು. ಬೆಂದ ಇಂಕ್ ಬಟ್ಟೆಯ ಜೊತೆಗೇ ಹಿಗ್ಗುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಬೇಯದಿದ್ದರೆ ಸಣ್ಣ ಬಿರುಕುಗಳು ತೆರೆದು, ಅದರೊಳಗೆ ಬಟ್ಟೆಯ ಕಪ್ಪು ಕಾಣುತ್ತದೆ. ಬಿಟ್ಟ ಮೇಲೂ ಆ ಬಿರುಕು ಹಾಗೇ ಉಳಿಯುತ್ತದೆ. ಇದು ಒಂದು ನಿಮಿಷದ ಕೆಲಸ. ಮಾಡಿ ನೋಡಿ ಅಂದರೆ "ಹೊಸ ಬಟ್ಟೆ ಎಳೆದ್ರೆ ಹಾಳಾಗಲ್ವಾ" ಅಂತ ಮುದ್ದು ಮಾಡುತ್ತಾರೆ. ಅದೇ ಬಟ್ಟೆ ಹಾಕಿಕೊಂಡ ಮಗು ಮಾರನೇ ದಿನ ಕುಪ್ಪಳಿಸಿ ಒದೆಯುತ್ತದೆ, ಬೆವರುತ್ತದೆ, ಇನ್ನೊಬ್ಬ ಹುಡುಗ ಎದೆ ಹಿಡಿದು ಎಳೆಯುತ್ತಾನೆ. ಆಫೀಸ್‌ಗೆ ಹಾಕುವ ಟೀ ಶರ್ಟ್ ವಾರಕ್ಕೊಮ್ಮೆ ನೀರು ಕಂಡರೆ ಇದು ಪ್ರತಿ ಕ್ಲಾಸ್ ಮುಗಿದ ಮೇಲೂ ಬಕೆಟ್‌ಗೆ ಬೀಳುತ್ತದೆ. ಸಾಧಾರಣ ಟೀ ಶರ್ಟ್‌ನಲ್ಲಿ ಹೇಗೋ ನಡೆದುಹೋಗುವ ಅರೆಬೆಂದ ಪ್ರಿಂಟ್ ಇಲ್ಲಿ ನಡೆಯುವುದೇ ಇಲ್ಲ.

ಶಾಖ ಕಡಿಮೆ ಆದರೆ ಹೀಗೆ. ಜಾಸ್ತಿ ಆದರೆ ಇನ್ನೊಂದು ಫಜೀತಿ, ಅದೂ ಡ್ರೈ ಫಿಟ್ ಅನ್ನುವ ಪಾಲಿಯೆಸ್ಟರ್ ಆಟದ ಬಟ್ಟೆಯಲ್ಲಿ. ಒಬ್ಬ ಮಾಸ್ಟರ್ ಇದ್ದಾರೆ, ಸರ್ಕಾರಿ ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಲಿಸುತ್ತಾರೆ, ಫೀಸು ಕೊಡಲಾಗದ ಮಕ್ಕಳನ್ನೂ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ಟೂರ್ನಮೆಂಟ್‌ಗೆ ಅಂತ ಕೆಂಪು ಪಾಲಿಯೆಸ್ಟರ್ ಟೀ ಶರ್ಟ್ ತರಿಸಿ, ಎದೆ ಮೇಲೆ ಬಿಳಿ ಮುಷ್ಟಿ ಪ್ರಿಂಟ್ ಮಾಡಿದರು. ಶಾಖ ಕೊಡಿ ಅಂತ ನಾನು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಪೆಟ್ಟಿಗೆಯನ್ನು ಮೂರು ಚುಕ್ಕಿಗೆ ಇಟ್ಟು ಒತ್ತಿದರು. ರಾತ್ರಿ ಮುಷ್ಟಿ ಬೆಳ್ಳಗಿತ್ತು. ಬೆಳಿಗ್ಗೆ ಬಸ್ಸು ಹತ್ತುವ ಹೊತ್ತಿಗೆ ಎಲ್ಲಾ ಗುಲಾಬಿ. ಪಾಲಿಯೆಸ್ಟರ್‌ಗೆ ಹಾಕಿದ ಬಣ್ಣ ಜೋರು ಶಾಖಕ್ಕೆ ಆವಿಯಾಗಿ ಮೇಲೇಳುತ್ತದೆ. ಸಬ್ಲಿಮೇಷನ್ ಪ್ರಿಂಟ್ ನಡೆಯುವುದೇ ಈ ಗುಣದ ಮೇಲೆ, ಅಲ್ಲಿ ನಾವು ಬೇಕಂತಲೇ 200 ಡಿಗ್ರಿ ಹತ್ತಿರ ಕೊಡುತ್ತೇವೆ. ಇಲ್ಲಿ ಆ ಕೆಂಪು ಬಿಳಿ ಇಂಕ್‌ನೊಳಗೆ ಸೇರಿಕೊಂಡಿತು. ಕೆಲವು ಸಲ ಇದು ಕಾಣಿಸಿಕೊಳ್ಳುವುದಕ್ಕೆ ದಿನಗಳೇ ಹಿಡಿಯುತ್ತವೆ. ಪಾಲಿಯೆಸ್ಟರೇ ಬೇಕು ಅಂದರೆ ಕಡಿಮೆ ಶಾಖಕ್ಕೆ ಬೇಯುವ, ಬಣ್ಣ ತಡೆಯುವ ಇಂಕ್ ಕೇಳಿ ತನ್ನಿ, ಅಥವಾ ಕೆಳಗೆ ಬೂದು ಬಣ್ಣದ ತಡೆ ಕೋಟ್ ಹಾಕಿ. ಇಲ್ಲ ಅಂದರೆ 180 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಗೆ 180 ಗ್ರಾಂ ತೂಕದ) ಕಾಟನ್ ತಗೊಂಡುಬಿಡಿ, ತಿರುಪ್ಪೂರಿನಿಂದ ಬೇಕಾದಷ್ಟು ಬರುತ್ತದೆ.

ಡಿಸೈನ್ ಬಗ್ಗೆ ಒಂದೆರಡು ಮಾತು ಸಾಕು. ಹುಲಿಯ ಮೀಸೆ, ಡ್ರ್ಯಾಗನ್‌ನ ಚಿಪ್ಪು, ಇಂಥ ಕೂದಲೆಳೆ ಗೆರೆಗಳನ್ನು ಮನೆಯ ಸ್ಕ್ರೀನ್ ಹಿಡಿಯುವುದಿಲ್ಲ, ದಪ್ಪ ಮಾಡಿ ಅಥವಾ ತೆಗೆದುಬಿಡಿ. ಎದೆ ತುಂಬ ಭರ್ತಿ ಚೌಕ ಬೇಡ, ಬೆವರು ಹೊರಗೆ ಹೋಗದೆ ಮಕ್ಕಳಿಗೆ ಹಿಂಸೆ. ವೃತ್ತದೊಳಗಿನ ಹುಲಿ ಎಲ್ಲರಿಗೂ ಇಷ್ಟ, ಆದರೆ ಅದು ಶೋಟೋಕಾನ್ ಅನ್ನುವ ಕರಾಟೆ ಶೈಲಿಯ ಗುರುತು. ಆ ಶೈಲಿಯ ಸ್ಥಾಪಕ ಗಿಚಿನ್ ಫುನಾಕೋಶಿಯವರಿಗಾಗಿ ಚಿತ್ರಕಾರ ಹೋವಾನ್ ಕೊಸುಗಿ ಬರೆದದ್ದು. ನಿಮ್ಮ ಕ್ಲಾಸ್ ಬೇರೆ ಶೈಲಿಯದಾದರೆ ನಿಮ್ಮ ಹುಡುಗನೊಬ್ಬನ ಕೈಯಲ್ಲಿ ಬೇರೆ ಹುಲಿ ಬರೆಸಿ. ಇನ್ನೊಂದು, ಈ ಟೀ ಶರ್ಟ್ ಹಾಕಿಕೊಂಡು ಸ್ಪರ್ಧೆಗೆ ಇಳಿಯಬಹುದು ಅಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಜೂಡೋ ಫೆಡರೇಷನ್‌ನ ನಿಯಮದ ಪ್ರಕಾರ ಹುಡುಗಿಯರು ಜೂಡೋಗಿಯ, ಅಂದರೆ ಜೂಡೋ ಉಡುಪಿನ, ಒಳಗೆ ಸಾದಾ ಬಿಳಿಯದನ್ನೇ ಹಾಕಬೇಕು, ವರ್ಲ್ಡ್ ಕರಾಟೆ ಫೆಡರೇಷನ್ ಕೂಡ ಹುಡುಗಿಯರಿಗೆ ಒಳಗೆ ಸಾದಾ ಬಿಳಿಯದಕ್ಕೇ ಅವಕಾಶ ಕೊಡುತ್ತದೆ. ಪ್ರಿಂಟ್ ಇರುವುದು ಪ್ರಯಾಣಕ್ಕೆ, ಅಭ್ಯಾಸಕ್ಕೆ.

ನಮ್ಮ ಮೈಸೂರಿನ ಗರಡಿಯವರೂ ಈಚೆಗೆ ಟೀ ಶರ್ಟ್ ಮಾಡಿಸುತ್ತಾರೆ. ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಖಾಡಕ್ಕೆ, ಇಳಿಯುವಾಗ ಅದು ಮೈಮೇಲೆ ಇರುವುದಿಲ್ಲ, ದಸರಾ ಕುಸ್ತಿಗೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಗುಂಪಾಗಿ ಹೋಗುವಾಗ ಎಲ್ಲರದೂ ಒಂದೇ ಥರ ಇರಲಿ ಅಂತ ಆಸೆ. ಗದೆ ಹಿಡಿದ ಹನುಮಂತ, ಕೆಳಗೆ ಗರಡಿಯ ಹೆಸರು. ಒಬ್ಬರು ಹಿರಿಯ ಉಸ್ತಾದರು ಮೊಮ್ಮಗನ ಜೊತೆ ಕೂತು ತಾವೇ ಪ್ರಿಂಟ್ ಮಾಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಂದು ಹಳೇ ಬನಿಯನ್ ಮೇಲೆ ಮೊದಲು ಪ್ರಿಂಟ್ ಮಾಡಿ, ಒತ್ತಿ, ಎಳೆದು, ಆಮೇಲೆ ಒಗೆಯುವ ಕಲ್ಲಿಗೆ ಬಡಿದು ಬಡಿದು ಒಗೆಸಿದರು. ಗದೆಯ ತುದಿ ಸ್ವಲ್ಪ ಬಿರಿಯಿತು. ಆ ಜಾಗಕ್ಕೆ ಪೆಟ್ಟಿಗೆ ಇನ್ನಷ್ಟು ಹೊತ್ತು ಬೇಕು ಅಂತ ಅವರೇ ಕಂಡುಕೊಂಡು, ಹಾಗೆ ಮಾಡಿಯೇ ಉಳಿದದ್ದಕ್ಕೆಲ್ಲ ಕೈ ಹಾಕಿದರು. ಮಟ್ಟಿಯ ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ ಹಾಕಿ ಹದ ಮಾಡುವ ಜನ, ಹದ ಬರುವವರೆಗೆ ಕಾಯುವುದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲಾ ಗಿರಾಕಿಗಳೂ ಹೀಗಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ತಲೆನೋವು ಬೇಡ ಅನಿಸಿದರೆ ಶಾಖ ಕೊಟ್ಟು ಬಟ್ಟೆಗೆ ಅಂಟಿಸುವ ಡಿಟಿಎಫ್ ಫಿಲ್ಮ್ ಮೇಲೆ ನಿಮ್ಮ ಚಿತ್ರ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಆದರೆ ಅಲ್ಲೂ ಹಿಂದೆ ಉದುರಿಸಿರುವ ಅಂಟಿನ ಪುಡಿ ಶಾಖಕ್ಕೇ ಕರಗಬೇಕು, ಹೀಟ್ ಪ್ರೆಸ್‌ನಲ್ಲಾದರೆ ಸುಮಾರು 150 ಡಿಗ್ರಿ, 10ರಿಂದ 15 ಸೆಕೆಂಡ್. ಒತ್ತಿದ ಮೇಲೆ ಒಂದು ದಿನವಾದರೂ ನೀರು ತಾಗಿಸಬೇಡಿ. ಒಗೆಯುವಾಗ ಒಳಗಿನದು ಹೊರಗೆ ಮಾಡಿ, ತಣ್ಣೀರಲ್ಲಿ, ಬ್ರಷ್ ಹಾಕದೆ.

ಈಗಾಗಲೇ ಪ್ಲಾಸ್ಟಿಸಾಲ್‌ನಲ್ಲಿ ಪ್ರಿಂಟ್ ಮಾಡಿ ಮುಗಿಸಿದ್ದೀರಿ, ಎಳೆದು ನೋಡಿದರೆ ಬಿರಿಯುತ್ತಿದೆ ಅಂತಾದರೆ ಗಾಬರಿ ಬೇಡ. ಇನ್ನೂ ಒಗೆದಿಲ್ಲ ಅಂದರೆ ಸಾಮಾನ್ಯವಾಗಿ ಮತ್ತೆ ಶಾಖ ಕೊಟ್ಟು ಬೇಯಿಸಬಹುದು. ಒಗೆದು ಉದುರಿದ ಮೇಲೆ ತಂದರೆ ನನ್ನ ಕೈಯಲ್ಲೂ ಏನೂ ಆಗುವುದಿಲ್ಲ. ಹಾಗಾಗಿ ಅನುಮಾನ ಬಂದ ದಿನವೇ, ಬಕೆಟ್‌ಗೆ ಹಾಕುವ ಮೊದಲು, ಹತ್ತಿರದ ಯಾವುದಾದರೂ ಪ್ರಿಂಟಿಂಗ್ ಅಂಗಡಿಗೆ ತಗೊಂಡು ಹೋಗಿ ಪ್ರಿಂಟ್ ಬೇಯಿಸುವ ಡ್ರೈಯರ್‌ನಲ್ಲಿ ಒಂದು ಸಲ ಬಿಡಿ ಅಂತ ಕೇಳಿ. ಮಕ್ಕಳ ಕ್ಲಾಸ್‌ದು ಅಂದರೆ ಬಹಳ ಜನ ಇಲ್ಲ ಅನ್ನುವುದಿಲ್ಲ.